ಅಂತರಜಾಲದ ವಿಳಾಸ ಕ್ಷಾಮವೂ ನೂತನ ವಿಳಾಸ ಪದ್ಧತಿಯೂ

ವಿಳಾಸವಿಲ್ಲದ ಪತ್ರವು ಎಷ್ಟೇ ಮಹತ್ವದ್ದಾಗಿದ್ದರೂ ಅಂಚೆಯ ಚೀಲದಲ್ಲಿಯೇ ಉಳಿದುಬಿಡುತ್ತದೆ. 1972ರ ಆಗಸ್ಟ್ 15ರಂದು ಭಾರತೀಯ ಅಂಚೆ ಇಲಾಖೆಯು ಆರು ಅಂಕಿಗಳ ಪಿನ್‌ಕೋಡ್ ಪದ್ಧತಿಯನ್ನು ಜಾರಿಗೆ ತಂದುದರ ಉದ್ದೇಶವೂ ಪತ್ರವನ್ನು ತಪ್ಪಿಲ್ಲದೆ ತಲುಪಿಸುವುದೇ ಆಗಿತ್ತು. 584 ಎಂಬ ಮೊದಲ ಮೂರು ಅಂಕಿಗಳು ರಾಯಚೂರು ಸೀಮೆಯನ್ನು ಸೂಚಿಸುತ್ತವೆ. ಉಳಿದ ಮೂರು ಅಂಕಿಗಳು ಅಂಚೆ ಕಚೇರಿಯನ್ನು ತೋರಿಸುತ್ತವೆ. ಕಲಕತ್ತೆಯಲ್ಲಿ ಪತ್ರ ವಿಂಗಡಿಸುವ ನೌಕರನಿಗೆ ನೀರಮಾನ್ವಿ ಎಲ್ಲಿದೆಯೆಂಬುದು ತಿಳಿದಿರಬೇಕಾಗಿಲ್ಲ. ಮೊದಲ ಅಂಕಿಗಳನ್ನು ನೋಡಿ ಸರಿಯಾದ ಚೀಲಕ್ಕೆ ಹಾಕಿದರೆ ಸಾಕು, ಪತ್ರವು ಹಂತಹಂತವಾಗಿ ಊರು ಸೇರುತ್ತದೆ.

ಅಂತರಜಾಲವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅದರಲ್ಲಿ ಪಾಲ್ಗೊಳ್ಳುವ ಪ್ರತಿಯೊಂದು ಗಣಕಯಂತ್ರಕ್ಕೂ, ಪ್ರತಿಯೊಂದು ಮೊಬೈಲ್ ಫೋನಿಗೂ ಒಂದು ಸಂಖ್ಯಾರೂಪದ ವಿಳಾಸ ಬೇಕು. ಇದಕ್ಕೆ ಐಪಿ ವಿಳಾಸವೆಂದು ಹೆಸರು. ಮಾರ್ಗಮಧ್ಯದ ರೂಟರ್ ಯಂತ್ರಗಳು ಈ ಸಂಖ್ಯೆಯ ಮೊದಲ ಭಾಗವನ್ನು ಓದಿ ಮಾಹಿತಿಯನ್ನು ಮುಂದಕ್ಕೆ ಸಾಗಿಸುತ್ತವೆ. ಇಂದು ಜಗತ್ತಿನಲ್ಲೆಲ್ಲ ಈ ವಿಳಾಸಗಳಿಗೆ ಕ್ಷಾಮ ಒದಗಿದೆ. ಅದರ ಕಾರಣವನ್ನೂ ಪರಿಹಾರವನ್ನೂ ಅರಿಯುವುದು ವಿದ್ಯಾಸಂಸ್ಥೆಗಳಿಗೆ ಅಗತ್ಯವಾಗಿದೆ.

ಕೊರತೆಯ ಮೂಲ

1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯಂತೆ ಐಪಿ ವಿಳಾಸವು 32 ದ್ವಿಮಾನ ಅಂಕಿಗಳದ್ದು. ಈ ನಾಲ್ಕನೆಯ ಆವೃತ್ತಿಯನ್ನು ಐಪಿವಿ4 ಎನ್ನುವರು. 1983ರ ಜನವರಿ 1ರಂದು ಅಮೆರಿಕೆಯ ಅರ್ಪಾನೆಟ್ ಜಾಲವು ಇದನ್ನು ಅಳವಡಿಸಿಕೊಂಡಿತು. ಎರಡನ್ನು 32 ಬಾರಿ ಗುಣಿಸಿದರೆ ಬರುವ ಲಬ್ಧ 429 ಕೋಟಿ 49 ಲಕ್ಷ 67 ಸಾವಿರದ 296. ಇದರಲ್ಲಿ ವಿಶೇಷ ಕಾರ್ಯಗಳಿಗಾಗಿ ಕಾದಿರಿಸಿದ ಸುಮಾರು 59 ಕೋಟಿಯನ್ನು ಕಳೆದರೆ ಉಳಿಯುವುದಷ್ಟೇ ಸಮಸ್ತ ಮಾನವಕೋಟಿಯ ಪಾಲು. ಕೆಲವು ನೂರು ಗಣಕಯಂತ್ರಗಳಿದ್ದ ಆ ಕಾಲದಲ್ಲಿ ಇದು ಎಂದೂ ಬತ್ತದ ಭಂಡಾರವೆಂದು ತೋರಿದುದು ಸಹಜ.

ಭಂಡಾರ ದೊಡ್ಡದೆಂದು ಭಾವಿಸಿದಾಗ ಹಂಚುವ ಕೈಯೂ ಸಡಿಲವಾಗುತ್ತದೆ. ಆರಂಭದಲ್ಲಿ ವಿಳಾಸಗಳನ್ನು ಮೂರು ಅಳತೆಗಳಲ್ಲಿ ಕೊಡಲಾಗುತ್ತಿತ್ತು: 256, 65,536 ಮತ್ತು 1 ಕೋಟಿ 67 ಲಕ್ಷಕ್ಕೂ ಮಿಕ್ಕ ಬೃಹತ್ ಪಾಲು. 300 ವಿಳಾಸ ಬೇಕಾದ ಸಂಸ್ಥೆಗೆ 256 ಸಾಲದು. ಆದುದರಿಂದ 65,536ರ ಪಾಲೇ ದೊರೆಯುತ್ತಿತ್ತು. ಬಹುಭಾಗ ಬಳಕೆಯಾಗದೆ ಬಿದ್ದಿರುತ್ತಿತ್ತು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ ತಾಲೂಕಿನ ರೈತರಿಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಭಾಗದ ಗದ್ದೆಗಳು ತುಂಬಿದ ನಂತರವೇ ಕೆಳಭಾಗಕ್ಕೆ ನೀರು. ಅಂತರಜಾಲದ ಕಾಲುವೆಯಲ್ಲಿ ಭಾರತವು ಕೊನೆಯ ಭಾಗದ ರೈತನ ಸ್ಥಾನದಲ್ಲಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದ್ದ ಎರ್ನೆಟ್ ಯೋಜನೆ 1986ರಲ್ಲಿ ಆರಂಭವಾಯಿತಾದರೂ, ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮದ ಮೂಲಕ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಇದರ ಫಲವಾಗಿ ಅಮೆರಿಕೆಯ ಪಾಲಿಗೆ 150 ಕೋಟಿಗೂ ಮಿಕ್ಕ ಹಳೆಯ ವಿಳಾಸಗಳಿದ್ದರೆ, ಅದಕ್ಕಿಂತ ನಾಲ್ಕು ಪಟ್ಟು ಜನಸಂಖ್ಯೆಯುಳ್ಳ ಭಾರತಕ್ಕೆ ದಕ್ಕಿರುವುದು ಸುಮಾರು 4 ಕೋಟಿ ಮಾತ್ರ.

2011ರ ಫೆಬ್ರುವರಿ 3ರಂದು ಜಾಗತಿಕ ಭಂಡಾರದ ಕೊನೆಯ ಐದು ದೊಡ್ಡ ಪಾಲುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚಲಾಯಿತು. ಅದೇ ವರ್ಷ ಏಪ್ರಿಲ್ 15ರ ವೇಳೆಗೆ ಏಷ್ಯಾ–ಪೆಸಿಫಿಕ್ ಪ್ರದೇಶದ ನೋಂದಣಿ ಸಂಸ್ಥೆಯಾದ ಎಪಿನಿಕ್ ತನ್ನ ಕಡೆಯ ಪಾಲಿಗೆ ಕೈಹಾಕಬೇಕಾಯಿತು. ಅಂದಿನಿಂದ ಆ ಪಾಲಿನಿಂದ ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 1024 ವಿಳಾಸಗಳು ಎಂಬ ಪಡಿತರ ನಿಯಮ ಜಾರಿಗೆ ಬಂದಿತು. 2019ರಲ್ಲಿ ಅದು 512ಕ್ಕೆ ಇಳಿಯಿತು.

ಹಂಚಿಕೊಂಡು ಬಾಳುವ ಉಪಾಯ

ಕ್ಷಾಮ ಬರುವ ಮುನ್ನವೇ ತಂತ್ರಜ್ಞರು ಮಿತವ್ಯಯದ ಮಾರ್ಗಗಳನ್ನು ಹುಡುಕಿದ್ದರು. 1993ರಲ್ಲಿ ಮೂರು ಅಳತೆಗಳ ಕಟ್ಟನ್ನು ಕೈಬಿಟ್ಟು, ಅಗತ್ಯವಿದ್ದಷ್ಟನ್ನೇ ಅಳೆದುಕೊಡುವ ಕ್ರಮ ಬಂದಿತು. ಒಂದೇ ವಿಳಾಸವನ್ನು ಅನೇಕರು ಬಳಸುವ ಉಪಾಯವು 1994ರಲ್ಲಿ ಪ್ರಕಟವಾಯಿತು. ಇದನ್ನು ನ್ಯಾಟ್ ಎಂದು ಸಂಕ್ಷಿಪ್ತವಾಗಿ ಕರೆಯುತ್ತಾರೆ.

ಮಠದ ಪ್ರಸಾದ ನಿಲಯದ ನಿದರ್ಶನದಿಂದ ಇದು ಸುಲಭವಾಗಿ ಮನದಟ್ಟಾಗುತ್ತದೆ. ನಿಲಯದಲ್ಲಿ 200 ವಿದ್ಯಾರ್ಥಿಗಳಿದ್ದರೂ ಹೊರಜಗತ್ತಿಗೆ ಇರುವುದು ಒಂದೇ ವಿಳಾಸ. ಹೊರಹೋಗುವ ಪ್ರತಿಯೊಂದು ಪತ್ರದ ಮೇಲೂ ಮೇಲ್ವಿಚಾರಕರು ನಿಲಯದ ವಿಳಾಸದೊಡನೆ ಒಂದು ಕ್ರಮಸಂಖ್ಯೆಯನ್ನು ಬರೆದು, ಅದು ಯಾರದೆಂದು ದಫ್ತರದಲ್ಲಿ ಗುರುತು ಹಾಕುತ್ತಾರೆ. ಉತ್ತರ ಬಂದಾಗ ದಫ್ತರವನ್ನು ನೋಡಿ ಆಯಾ ವಿದ್ಯಾರ್ಥಿಗೆ ತಲುಪಿಸುತ್ತಾರೆ. ಶಾಲೆಯ ಗಣಕ ಕೊಠಡಿಯ ಒಂದು ರೂಟರ್ ಮಾಡುವ ಕೆಲಸವೂ ಇದೇ. ವಿಳಾಸಗಳು ಸಾಲದಾದಾಗ ಸಂಪರ್ಕ ಒದಗಿಸುವ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನೇಕ ಮನೆ, ಶಾಲೆ, ಅಂಗಡಿಗಳನ್ನು ಒಟ್ಟುಗೂಡಿಸಿ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲಿಸಿದವು. ಹೀಗೆ ದಫ್ತರದ ಮೇಲೆ ದಫ್ತರವಾಯಿತು.

ಹಂಚಿಕೆಯ ಮಿತಿ

ಇದ್ದುದನ್ನು ಹಂಚಿಕೊಳ್ಳುವುದು ಶ್ಲಾಘನೀಯವೇ. ಆದರೆ ಅನ್ನವನ್ನು ಹಂಚಿಕೊಂಡಂತೆ ಗುರುತನ್ನು ಹಂಚಿಕೊಳ್ಳಲಾಗದು. ಮೊದಲನೆಯದಾಗಿ, ಒಳಗಿನವರು ಬರೆದ ಪತ್ರಕ್ಕೆ ಉತ್ತರ ಬರುತ್ತದೆಯೇ ಹೊರತು, ಹೊರಗಿನವರು ತಾವಾಗಿಯೇ ಬರೆದ ಪತ್ರವು ಯಾರಿಗೆ ಸೇರಬೇಕೆಂಬುದು ದಫ್ತರದಲ್ಲಿರುವುದಿಲ್ಲ. ನೀರಮಾನ್ವಿಯಂತಹ ಊರಿನ ಶಾಲೆಯು ತನ್ನ ಹಳೆಯ ಸಂಚಿಕೆಗಳನ್ನೂ ಛಾಯಾಚಿತ್ರಗಳನ್ನೂ ತನ್ನದೇ ಗಣಕಯಂತ್ರದಲ್ಲಿಟ್ಟು ದೂರದೇಶದ ಹಳೆಯ ವಿದ್ಯಾರ್ಥಿಗಳಿಗೆ ತೋರಿಸಲು ಬಯಸಿದರೆ, ಕಂಪನಿಯ ಹಂಚಿಕೆಯ ವಿಳಾಸದ ಹಿಂದಿರುವವರೆಗೆ ಅದು ನೇರವಾಗಿ ಸಾಧ್ಯವಾಗದು. ಪ್ರತ್ಯೇಕ ವಿಳಾಸಕ್ಕೆ ಹೆಚ್ಚುವರಿ ಶುಲ್ಕ ತೆರಬೇಕು, ಇಲ್ಲವೇ ಇನ್ನೊಬ್ಬರ ಯಂತ್ರವನ್ನು ಬಾಡಿಗೆಗೆ ಪಡೆಯಬೇಕು.

ಎರಡನೆಯದಾಗಿ, ಒಬ್ಬನ ತಪ್ಪಿಗೆ ಎಲ್ಲರೂ ಹೊಣೆಯಾಗಬೇಕಾಗುತ್ತದೆ. ಒಂದೇ ವಿಳಾಸದ ಹಿಂದಿರುವ ಯಾವನೋ ಒಬ್ಬನು ದುರುದ್ದೇಶದ ಸಂದೇಶಗಳನ್ನು ಕಳುಹಿಸಿದರೆ, ಜಾಲತಾಣಗಳು ಆ ವಿಳಾಸವನ್ನೇ ತಡೆಹಿಡಿಯುತ್ತವೆ. ಏನೂ ಅರಿಯದ ವಿದ್ಯಾರ್ಥಿಗಳ ಅರ್ಜಿಗಳೂ ಅಲ್ಲಿಯೇ ನಿಲ್ಲಬಹುದು. ಮೂರನೆಯದಾಗಿ, ಒಂದು ವಿಳಾಸದೊಡನೆ ಬಳಸಬಹುದಾದ ಕ್ರಮಸಂಖ್ಯೆಗಳು 65,536 ಮಾತ್ರ. ಹಂಚಿಕೊಳ್ಳುವವರು ಹೆಚ್ಚಿದಂತೆ ಅವೂ ತೀರುತ್ತವೆ.

ನೂತನ ಪದ್ಧತಿ

ಹಳೆಯ ಸಂಖ್ಯೆಗೇ ಇನ್ನಷ್ಟು ಅಂಕಿಗಳನ್ನು ಸೇರಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಆರು ಚೌಕಗಳನ್ನು ಮುದ್ರಿಸಿದ ಅರ್ಜಿ ನಮೂನೆಯಲ್ಲಿ ಏಳನೆಯ ಅಂಕಿಯನ್ನು ತುಂಬಲು ಸ್ಥಳವಿರುವುದಿಲ್ಲ. ಹಾಗೆಯೇ ಹಳೆಯ ನಮೂನೆಯಲ್ಲಿ 32ಕ್ಕಿಂತ ಹೆಚ್ಚು ಅಂಕಿಗಳಿಗೆ ಅವಕಾಶವಿಲ್ಲ. ನಮೂನೆಯನ್ನೇ ಬದಲಿಸಬೇಕು. ಈ ಹೊಸ ನಮೂನೆಯೇ ಐಪಿವಿ6. ಇದರ ನಿಯಮಾವಳಿ 1998ರ ಡಿಸೆಂಬರಿನಲ್ಲಿ ಪ್ರಕಟವಾಗಿ, 2017ರ ಜುಲೈನಲ್ಲಿ ಪೂರ್ಣ ಮಾನಕದ ಮನ್ನಣೆ ಪಡೆಯಿತು. ಇಲ್ಲಿ ವಿಳಾಸದ ಉದ್ದ 128 ದ್ವಿಮಾನ ಅಂಕಿಗಳು. ಲಭ್ಯವಾಗುವ ವಿಳಾಸಗಳ ಸಂಖ್ಯೆ 340ರ ಮುಂದೆ 36 ಸೊನ್ನೆಗಳನ್ನಿಟ್ಟರೆ ಬರುವಷ್ಟು. ಸಾಮಾನ್ಯವಾಗಿ ಒಂದು ಮನೆಗೋ ಒಂದು ಗಣಕ ಕೊಠಡಿಗೋ ನೀಡುವ ಕಿರುಪಾಲಿನಲ್ಲಿಯೇ ಹಳೆಯ ಇಡೀ ಭಂಡಾರದ 429 ಕೋಟಿ ಪಟ್ಟು ವಿಳಾಸಗಳಿರುತ್ತವೆ.

ಎರಡು ನಾಣ್ಯಗಳ ಕಾಲ

ಹೊಸದು ಬಂದ ಮಾತ್ರಕ್ಕೆ ಹಳೆಯದು ಮರೆಯಾಗದು. ಈ ಎರಡು ಪದ್ಧತಿಗಳು ನೇರವಾಗಿ ಪರಸ್ಪರ ಮಾತನಾಡಲಾರವು. ಹಿಂದಿನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯ ಹಿರಿಯರು ಇಂತಹ ಕಾಲವನ್ನು ಕಂಡವರು. 1950ರಿಂದ ಇಲ್ಲಿ ನಿಜಾಮನ ಹಾಲಿ ರೂಪಾಯಿಯ ಜೊತೆಗೆ ಭಾರತದ ಕಲ್ದಾರ ರೂಪಾಯಿಯೂ ಚಲಾವಣೆಯಲ್ಲಿತ್ತು. ಏಳು ಹಾಲಿಗೆ ಆರು ಕಲ್ದಾರ ಎಂಬುದು ವಿನಿಮಯದ ಲೆಕ್ಕ. ಹಾಲಿ ನಾಣ್ಯದ ಮಾನ್ಯತೆ ರದ್ದಾದದ್ದು 1959ರಲ್ಲಿ. ಆ ಅವಧಿಯಲ್ಲಿ ಎರಡೂ ನಾಣ್ಯಗಳನ್ನು ಇಟ್ಟುಕೊಂಡಿದ್ದವನ ವ್ಯಾಪಾರ ಸುಗಮವಾಗಿತ್ತು. ಒಂದೇ ನಾಣ್ಯವಿದ್ದವನು ವಿನಿಮಯಕ್ಕೆ ಸರಾಫನ ಬಳಿಗೆ ಹೋಗಬೇಕಾಗಿತ್ತು.

ವಿಳಾಸಗಳ ಪರಿವರ್ತನೆಯಲ್ಲಿಯೂ ಈ ಎರಡು ಮಾರ್ಗಗಳಿವೆ. ಒಂದು ಯಂತ್ರಕ್ಕೆ ಹಳೆಯ ಮತ್ತು ಹೊಸ ವಿಳಾಸಗಳೆರಡನ್ನೂ ಕೊಡುವುದು ಮೊದಲನೆಯ ಮಾರ್ಗ. ಹೊಸ ವಿಳಾಸ ಮಾತ್ರವಿರುವ ಫೋನು ಹಳೆಯ ತಾಣವನ್ನು ತಲುಪಬೇಕಾದಾಗ ನಡುವೆ ಅನುವಾದಕ ಯಂತ್ರವನ್ನಿಡುವುದು ಎರಡನೆಯದು. ಎರಡನೆಯದರಲ್ಲಿ ಸರಾಫನು ಬೇಕೇ ಬೇಕು. ಹಳೆಯ ತಾಣಗಳು ಹೊಸ ವಿಳಾಸ ಪಡೆದಂತೆಲ್ಲ ಅವನ ಕೆಲಸ ಕಡಿಮೆಯಾಗುತ್ತದೆ.

ಭಾರತದ ಮುನ್ನಡೆ

ಕೊರತೆಯು ಭಾರತವನ್ನು ಹಿಂದಕ್ಕೆ ತಳ್ಳದೆ ಮುಂದಕ್ಕೆ ನಡೆಸಿದುದು ಗಮನಾರ್ಹ. 2010ರ ಜುಲೈನಲ್ಲಿ ದೂರಸಂಪರ್ಕ ಇಲಾಖೆಯು ಐಪಿವಿ6 ಅಳವಡಿಕೆಯ ರಾಷ್ಟ್ರೀಯ ಮಾರ್ಗಸೂಚಿಯನ್ನು ಪ್ರಕಟಿಸಿತು. 2012ರಿಂದ ಐರಿನ್ ಎಂಬ ರಾಷ್ಟ್ರೀಯ ನೋಂದಣಿ ಸಂಸ್ಥೆಯು ದೇಶದೊಳಗೆ ವಿಳಾಸಗಳನ್ನು ವಿತರಿಸುತ್ತಿದೆ. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋ ಮೊಬೈಲ್ ಜಾಲವು ತನ್ನ ಗ್ರಾಹಕರಿಗೆ ಹೊಸ ವಿಳಾಸಗಳನ್ನೇ ನೀಡಿತು. ಹಳೆಯವು ಅಷ್ಟು ಜನರಿಗೆ ಸಾಲುವಂತೆಯೇ ಇರಲಿಲ್ಲ. ಇಂದು ದೇಶದ ಬಳಕೆದಾರರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚಿನವರು ಹೊಸ ಪದ್ಧತಿಯಲ್ಲಿ ಸಂಪರ್ಕ ಪಡೆಯಬಲ್ಲರು. ಈ ವಿಷಯದಲ್ಲಿ ಭಾರತವು ಜಗತ್ತಿನ ಅಗ್ರಪಂಕ್ತಿಯಲ್ಲಿದೆ.

ವಿದ್ಯಾಸಂಸ್ಥೆಗಳ ಹೊಣೆ

ವಿದ್ಯಾರ್ಥಿಯ ಕೈಯಲ್ಲಿರುವ ಫೋನು ಹೊಸ ವಿಳಾಸ ಪಡೆದಿದ್ದರೂ, ಅವನು ಕಲಿಯುವ ಶಾಲೆಯ ಗಣಕ ಕೊಠಡಿ ಮತ್ತು ಜಾಲತಾಣಗಳು ಹಳೆಯದರಲ್ಲಿಯೇ ಉಳಿದಿರಬಹುದು. ಇದನ್ನು ಸರಿಪಡಿಸಲು ದೊಡ್ಡ ವೆಚ್ಚಕ್ಕಿಂತ ಮುಂದಾಲೋಚನೆ ಹೆಚ್ಚು ಬೇಕು. ದಾನಿಗಳ ನೆರವಿನಿಂದ ಯಂತ್ರಗಳನ್ನು ಕೊಳ್ಳುವಾಗ ಅವು ಎರಡೂ ಪದ್ಧತಿಗಳನ್ನು ಬಲ್ಲವೇ ಎಂದು ವಿಚಾರಿಸಬೇಕು. ಸಂಪರ್ಕದ ಕರಾರಿನಲ್ಲಿ ಹೊಸ ವಿಳಾಸದ ಪಾಲನ್ನು ಲಿಖಿತವಾಗಿ ಕೇಳಬೇಕು. ಶಾಲೆಯ ಜಾಲತಾಣವು ಎರಡೂ ವಿಳಾಸಗಳಿಂದ ತೆರೆಯುವಂತಿರಬೇಕು.

ಎಚ್ಚರಿಕೆಯ ಮಾತೊಂದುಂಟು. ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕ ಬಾಗಿಲು ದೊರೆಯುತ್ತದೆ. ಬಾಗಿಲಿದ್ದಲ್ಲಿ ಅಗುಳಿಯೂ ಇರಬೇಕು. ಯಾವ ಯಂತ್ರಕ್ಕೆ ಹೊರಗಿನವರ ಪ್ರವೇಶ ಉಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಶಿಕ್ಷಕರು ಮೊದಲೇ ನಿರ್ಧರಿಸಿ ತಡೆಯನ್ನು ಅಳವಡಿಸಬೇಕು. ಎರಡರ ಘಾತಗಳನ್ನು ಕಲಿಸುವ ಗಣಿತದ ತರಗತಿಯಲ್ಲಿ 32 ಮತ್ತು 128ರ ಅಂತರವನ್ನು ಲೆಕ್ಕ ಹಾಕಿಸಿದರೆ, ಮಕ್ಕಳಿಗೆ ಈ ವಿಷಯವು ತಾನಾಗಿಯೇ ಮನದಟ್ಟಾಗುವುದು.

ಕಾಯಕ ಮತ್ತು ದಾಸೋಹಗಳನ್ನು ಜೀವನದ ತಳಹದಿಯೆಂದು ಬೋಧಿಸುವ ಸಂಸ್ಥೆಗಳಿಗೆ ಇದು ಕೇವಲ ಯಂತ್ರಗಳ ವಿಚಾರವಲ್ಲ. ಹಂಚಿಕೆಯ ವಿಳಾಸದ ಹಿಂದಿರುವವನು ಅಂತರಜಾಲದಿಂದ ಪಡೆಯಬಲ್ಲನು, ಕೊಡುವುದು ಮಾತ್ರ ಅವನಿಗೆ ಕಷ್ಟ. ಸ್ವಂತ ವಿಳಾಸವುಳ್ಳವನು ತಾನು ಅರಿತುದನ್ನೂ ರಚಿಸಿದುದನ್ನೂ ತನ್ನ ಮನೆಯಿಂದಲೇ ಜಗತ್ತಿಗೆ ನೀಡಬಲ್ಲನು. ಮಾನ್ವಿ, ದೇವದುರ್ಗ, ರಾಯಚೂರುಗಳ ಮಕ್ಕಳು ಬೇಡುವವರ ಸಾಲಿನಲ್ಲಷ್ಟೇ ಅಲ್ಲದೆ ನೀಡುವವರ ಸಾಲಿನಲ್ಲಿಯೂ ನಿಲ್ಲಬೇಕಾದರೆ, ಅವರು ಕಲಿಯುವ ಶಾಲೆಗಳು ಈ ಪರಿವರ್ತನೆಗೆ ಇಂದೇ ಅಣಿಯಾಗುವುದು ಯುಕ್ತ.