ಕಲ್ಲಿನ ವಂಶಾವಳಿ, ಹೆಳವನ ವಂಶಾವಳಿ

ಹೋದ ವರುಷ ನಮ್ಮ ಮನೆಗೆ ಒಂದು ವಂಶವೃಕ್ಷ ಬೇಕಾಯಿತು. ಮುತ್ತಜ್ಜನ ಹೆಸರಿನಲ್ಲಿಯೇ ಉಳಿದುಬಂದಿದ್ದ ಎರಡು ಎಕರೆ ಹೊಲದ ಖಾತೆಯನ್ನು ಬದಲಾಯಿಸಬೇಕಾದರೆ ಆತನ ಸಂತತಿಯಲ್ಲಿ ಯಾರು ಇದ್ದಾರೆ, ಯಾರು ಕಾಲವಾದರು ಎಂಬುದನ್ನು ಕ್ರಮವಾಗಿ ಬರೆದುಕೊಡಬೇಕಷ್ಟೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಒಂದು ಗಂಟೆಯ ಕೆಲಸವೆಂದು ಕುಳಿತೆ. ಗಂಡಸರ ಹೆಸರುಗಳು ಸರಸರನೆ ಇಳಿದವು. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳೂ ಪಾಲಿಗೆ ಹಕ್ಕುದಾರರಾದುದರಿಂದ ಕೊಟ್ಟ ಹೆಣ್ಣುಮಕ್ಕಳ ಹೆಸರುಗಳನ್ನೂ ಹೇಗೋ ನೆನೆನೆನೆದು ಹೇಳಿದರು. ಆದರೆ ಮುತ್ತಜ್ಜನ ತಾಯಿಯ ಹೆಸರೇನೆಂದು ಕೇಳಿದಾಗ ಮನೆಯೆಲ್ಲ ಮೌನವಾಯಿತು. "ಯಾರೋ ಬೇಲೂರ ಕಡೆಯವಳು" ಎಂದರು ನಮ್ಮ ತಂದೆ. "ಅಲ್ಲ, ಕಡೂರು ಸೀಮೆಯವಳು" ಎಂದರು ದೊಡ್ಡಪ್ಪ. ಖಾತೆಯ ಕಾಗದಕ್ಕೆ ಆ ಹೆಸರು ಬೇಕಾಗಿರಲಿಲ್ಲ. ಅದಿಲ್ಲದೆಯೇ ಕಾಗದ ಹೋಯಿತು, ಖಾತೆಯೂ ಆಯಿತು. ನನ್ನ ಹಾಳೆಯಲ್ಲಿ ಮಾತ್ರ ಆ ಜಾಗ ಖಾಲಿಯಾಗಿ ಉಳಿಯಿತು.

ಆ ತಿಂಗಳೇ ನಮ್ಮ ತರಗತಿಯವರು ಬೇಲೂರು ಹಳೇಬೀಡುಗಳಿಗೆ ಅಧ್ಯಯನ ಪ್ರವಾಸ ಹೊರಟೆವು. ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡು ಎಷ್ಟು ದೂರ! ಆದರೂ ಅದುವರೆಗೆ ನಾನು ಕಂಡಿದ್ದುದು ಹೊಯ್ಸಳೇಶ್ವರ ಗುಡಿಯೊಂದನ್ನೇ. ಅಲ್ಲಿಂದ ಸ್ವಲ್ಪ ದೂರದ ಬಸ್ತಿಹಳ್ಳಿಯಲ್ಲಿ ಮೂರು ಜಿನಾಲಯಗಳಿವೆ. ಹೊರಗೋಡೆಯಲ್ಲಿ ಆನೆ ಕುದುರೆಗಳ ಸಾಲಿಲ್ಲ, ಮದನಿಕೆಯರಿಲ್ಲ. ಆದುದರಿಂದ ಜನವೂ ಇಲ್ಲ. 2023ರಲ್ಲಿ ಈ ಎರಡು ಊರುಗಳ ದೇವಾಲಯಗಳು ಸೋಮನಾಥಪುರದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆಯೂ ಬಸ್ತಿಹಳ್ಳಿಯ ಕಡೆ ತಿರುಗುವವರು ವಿರಳ. ಅಲ್ಲಿಯ ಪಾರ್ಶ್ವನಾಥ ಬಸದಿಯ ನುಣುಪಾದ ಕರಿಯ ಕಂಬಗಳ ನಡುವೆ ನಿಂತಾಗ ನಮ್ಮ ಅಧ್ಯಾಪಕರು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: "ಇದು ಮಗನೊಬ್ಬ ಸತ್ತ ತಂದೆಗಾಗಿ ಕಟ್ಟಿಸಿದ ಗುಡಿ."

ಊರಿಗೆ ಹಿಂದಿರುಗಿದ ಮೇಲೆ ಗ್ರಂಥಾಲಯದಲ್ಲಿ ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನೂ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಸಂಪುಟವನ್ನೂ ತೆಗೆಸಿ ಓದತೊಡಗಿದೆ. ಶಾಸನಗಳೆಂದರೆ ರಾಜರ ಬಿರುದುಗಳ ರಾಶಿ ಎಂದು ನಾನು ತಿಳಿದಿದ್ದೆ. ಅರ್ಧ ಅದು ನಿಜವೇ. ಹೊಯ್ಸಳರ ವಂಶಾವಳಿ ಬ್ರಹ್ಮನಿಂದ ಹೊರಟು ಅತ್ರಿ, ಚಂದ್ರ, ಯದು ಎಂದು ಇಳಿದು, ಹುಲಿಯನ್ನು ಹೊಯ್ದ ಸಳನಲ್ಲಿಗೆ ಬಂದು, ಅಲ್ಲಿಂದ ವಿನಯಾದಿತ್ಯನಿಗೆ ನೆಗೆಯುತ್ತದೆ. ವಿನಯಾದಿತ್ಯನಿಗಿಂತ ಮೊದಲು ಆಳಿದ ನೃಪಕಾಮನ ಹೆಸರು ಈ ಅರಮನೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ! ಆತನ ಕಾಲದ ಶಾಸನಗಳು ಇಲ್ಲದಿಲ್ಲ; ಆದರೆ ವಂಶಾವಳಿಯನ್ನು ಪದ್ಯ ಮಾಡಿದ ಕವಿಗಳು ಆತನನ್ನು ಬಿಟ್ಟರು. ರಾಜನನ್ನೇ ಬಿಡುವ ಪಟ್ಟಿಗಳು ನಮ್ಮ ಮನೆಯ ಮುದುಕಿಯನ್ನು ಬಿಟ್ಟುದು ಏನಾಶ್ಚರ್ಯ ಎನ್ನಿಸಿತು.

ಈ ನೃಪಕಾಮ ಸಿಕ್ಕುವುದು ಆತನ ಸೇವಕನೊಬ್ಬನ ಮನೆತನದ ಶಾಸನದಲ್ಲಿ. ಆ ಮನೆತನವೇ ಬಸ್ತಿಹಳ್ಳಿಯ ಗುಡಿಯನ್ನು ಕಟ್ಟಿಸಿದ ಮನೆತನ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಸರನ್ನು ವಾಚಕರು ಕೇಳಿಯೇ ಇರುತ್ತಾರೆ. ದ್ರೋಹಘರಟ್ಟ, ಎಂದರೆ ದ್ರೋಹಿಗಳನ್ನು ಅರೆಯುವ ಬೀಸುಗಲ್ಲು, ಎಂಬ ಬಿರುದು ಪಡೆದವನು. ಆತ ತೀರಿಕೊಂಡ ಮೇಲೆ ಮಗ ಬೊಪ್ಪದೇವ 1133ರಲ್ಲಿ ತಂದೆಯ ನೆನಪಿಗೆ ಈ ಬಸದಿಯನ್ನು ಮಾಡಿಸಿ ಅದಕ್ಕೆ ತಂದೆಯ ಬಿರುದನ್ನೇ ಇಟ್ಟ. ಪ್ರತಿಷ್ಠೆಯಾದ ಮೇಲೆ ಪೂಜಕರು ಶೇಷೆಯನ್ನು ತೆಗೆದುಕೊಂಡು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರಂತೆ. ವಿಷ್ಣುವರ್ಧನನಿಗೆ ಆಗತಾನೆ ಮಸಣನೆಂಬ ಶತ್ರುವಿನ ಮೇಲೆ ಜಯ ದೊರೆತಿತ್ತು, ಲಕ್ಷ್ಮೀದೇವಿಯಲ್ಲಿ ಮಗನೂ ಹುಟ್ಟಿದ್ದ. ಸಂತೋಷದಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಒಂದು ಮನೆಯ ಸಾವು, ಇನ್ನೊಂದು ಮನೆಯ ಹುಟ್ಟು, ಎರಡೂ ಒಂದೇ ಶಾಸನದಲ್ಲಿ ಸೇರಿಬಿಟ್ಟಿವೆ.

ಈ ಮನೆತನದ ಹಿಂದಿನ ಕಥೆಗೆ ಶ್ರವಣಬೆಳಗೊಳದ ಶಾಸನಗಳನ್ನು ನೋಡಬೇಕು. ಅವುಗಳನ್ನು ಓದುತ್ತ ಹೋದಂತೆ ನನಗೆ ಬೆರಗಾದುದು ಗಂಗರಾಜನ ಪರಾಕ್ರಮಕ್ಕಲ್ಲ, ಅಲ್ಲಿ ಸಿಕ್ಕುವ ಹೆಂಗಸರ ಹೆಸರುಗಳಿಗೆ. ಗಂಗರಾಜನ ಅಜ್ಜ ಮಾರ, ಅಜ್ಜಿ ಮಾಕಣಬ್ಬೆ. ಇವರ ಮಗ ಏಚ, ನೃಪಕಾಮನ ಆಶ್ರಯದಲ್ಲಿದ್ದವನು. ಏಚನ ಹೆಂಡತಿ ಪೋಚಿಕಬ್ಬೆ. ಅವರ ಮಗ ಗಂಗರಾಜ. ಆತನ ಹೆಂಡತಿ ಲಕ್ಷ್ಮಿ, ಲಕ್ಕಲೆ ಎಂದೂ ಕರೆಯುತ್ತಿದ್ದರು. ತಾಯಿಗಾಗಿ ಗಂಗರಾಜ 1118ರಲ್ಲಿ ಚಿಕ್ಕಬೆಟ್ಟದ ಮೇಲೆ ಕತ್ತಲೆ ಬಸದಿಯನ್ನು ಕಟ್ಟಿಸಿದ. ಪಕ್ಕದ ಎರಡುಕಟ್ಟೆ ಬಸದಿ ಲಕ್ಕಲೆಯದು. ಮುಂದೆ ತಾಯಿಯೂ ಹೆಂಡತಿಯೂ ವ್ರತಹಿಡಿದು ದೇಹಬಿಟ್ಟಾಗ ಇಬ್ಬರಿಗೂ ನಿಷಿಧಿಗಲ್ಲು ನಿಲ್ಲಿಸಿದವನು ಗಂಗರಾಜನೇ. ಒಂಬೈನೂರು ವರುಷಗಳ ಮೇಲೆ ನಾವು ಆತನ ಅಜ್ಜಿಯ ಹೆಸರನ್ನು ಹೇಳಬಲ್ಲೆವು. ನಮ್ಮ ಮನೆಯಲ್ಲಿ ನಾಲ್ಕು ತಲೆಯ ಹಿಂದಿನವಳನ್ನು ಹೇಳಲಾರೆವು.

ಬೇಲೂರಿನ ಶಾಂತಲೆಯ ವಿಷಯವೂ ಹೀಗೆಯೇ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು ಎಂಬುದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೇವೆ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ದುಃಖದಲ್ಲಿ ತಾಯಿ ಬೆಳಗೊಳದಲ್ಲಿ ಸಲ್ಲೇಖನದಿಂದ ಪ್ರಾಣಬಿಟ್ಟಳು. ತಾಯಿಯ ನಿಧನವನ್ನು ಹೇಳುವ ಶಾಸನ ಆಕೆಯ ತವರಿನ ವಂಶವನ್ನು ಹೇಳುತ್ತದೆ: ನಾಗವರ್ಮ ಮತ್ತು ಚಂದಿಕಬ್ಬೆ, ಅವರ ಮಗ ಬಲದೇವ ಮತ್ತು ಬಾಚಿಕಬ್ಬೆ, ಅವರ ಮಗಳು ಮಾಚಿಕಬ್ಬೆ. ಹೀಗೆ ಪಟ್ಟದರಸಿಯ ತಾಯಿಯ ಅಜ್ಜಿಯವರೆಗೆ ಎಳೆ ಕಡಿಯದೆ ಹೋಗುತ್ತದೆ.

ಇದನ್ನು ಓದಿ ಹನ್ನೆರಡನೆಯ ಶತಮಾನದಲ್ಲಿ ಎಲ್ಲ ಹೆಂಗಸರಿಗೂ ಹೆಸರಿತ್ತೆಂದು ಹಿಗ್ಗುವಂತಿಲ್ಲ. ದಂಡನಾಯಕರ ಮನೆಯವರಿಗೆ ಇತ್ತು. ಅದೇ ಬೇಲೂರಿನ ಮದನಿಕೆಯರ ಪೀಠಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ ರಾಮೋಜನ ಮಗ. ದಾಸೋಜನ ಮಗ ಚಾವಣ. ಕೆಲಸಗಾರರ ಮನೆಯೊಂದರ ಮೂರು ತಲೆಮಾರು ಹೀಗೆ ಉಳಿದುದೇ ನಮ್ಮ ಭಾಗ್ಯ. ಆದರೆ ಅಷ್ಟು ಹೆಣ್ಣುರೂಪಗಳನ್ನು ಕಡೆದ ಆ ಮನೆಯ ಹೆಣ್ಣೊಬ್ಬಳ ಹೆಸರೂ ಅಲ್ಲಿಲ್ಲ. ನಮ್ಮೂರ ಕೆರೆಯ ಏರಿಯ ಮೇಲೂ ಒಂದು ವೀರಗಲ್ಲುಂಟು. ಅದರಲ್ಲಿ ಅಕ್ಷರವೇ ಇಲ್ಲ. ಕತ್ತಿ ಹಿಡಿದವನೊಬ್ಬ, ಆತನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಇಷ್ಟೇ. ಇನ್ನು ಅರಸೀಕೆರೆ ಎಂದರೆ ಅರಸಿಯ ಕೆರೆ ಎಂದು ಮಕ್ಕಳೂ ಬಲ್ಲರು. ಕೆರೆ ಕಟ್ಟಿಸಿದ ಪುಣ್ಯ ಊರಿನ ಹೆಸರಿನಲ್ಲಿ ನಿಂತಿತು, ಅರಸಿಯ ಹೆಸರು ನಿಲ್ಲಲಿಲ್ಲ.

ಹಾಗಾದರೆ ಕಲ್ಲು ಕೆತ್ತಿಸಲಾರದ ನಮ್ಮಂಥ ಒಕ್ಕಲು ಮನೆಗಳ ವಂಶಾವಳಿ ಎಲ್ಲಿದೆ? ಇಂಗ್ಲೆಂಡಿನ ಹಳ್ಳಿಗರಿಗೆ ಈ ತೊಡಕು ಕಡಿಮೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿಯೊಂದು ಚರ್ಚಿನಲ್ಲಿಯೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದ. ಪುಸ್ತಕ ಉಳಿದುಬಂದ ಊರುಗಳಲ್ಲಿ ಕೂಲಿಯವನ ಮೊಮ್ಮಕ್ಕಳೂ ತಮ್ಮ ಹಿರಿಯರನ್ನು ಮೂರು ನಾಲ್ಕು ಶತಮಾನಗಳ ಹಿಂದಕ್ಕೆ ಹುಡುಕಿಕೊಳ್ಳುತ್ತಾರೆ. ಅಲ್ಲಿಯೂ ಹಳೆಯ ಪುಟಗಳಲ್ಲಿ ಅನೇಕ ಕಡೆ ಮಗುವಿನ ತಂದೆಯ ಹೆಸರು ಮಾತ್ರ ಇರುತ್ತದೆಂದು ಓದಿ ನನಗೆ ಒಂದು ಬಗೆಯ ಸಮಾಧಾನವೇ ಆಯಿತು! ನಮ್ಮಲ್ಲಿ ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಹಿಂದಿನವರ ಹುಟ್ಟಿದ ದಿನವನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟರೇ ನಿಶ್ಚಯಿಸುತ್ತಿದ್ದರು. ಜೂನ್ 1ರಂದು ಹುಟ್ಟಿದವರು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮಂದಿಯೋ.

ನಮ್ಮ ವಂಶಾವಳಿ ಇರುವುದು ಹೆಳವನ ಬಳಿ. ಸುಗ್ಗಿ ಮುಗಿದ ಮೇಲೆ ನಸುಕಿನಲ್ಲಿ ಗಂಟೆಯ ಸದ್ದು ಮಾಡುತ್ತ ಬಂದು, ಬಾಗಿಲಲ್ಲಿ ನಿಂತು, ಮನೆತನದ ಹಿರಿಯರನ್ನು ಒಬ್ಬೊಬ್ಬರಾಗಿ ಹೊಗಳುವ ಹೆಳವರನ್ನು ಹಳ್ಳಿಯಿಂದ ಬಂದ ವಿದ್ಯಾರ್ಥಿಗಳೆಲ್ಲ ಕಂಡಿರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಇಂತಿಂಥ ಮನೆತನಗಳು ಇಂತಿಂಥ ಹೆಳವರಿಗೆ ಎಂದು ಹಂಚಿಕೆಯುಂಟು. ತಂದೆಯಿಂದ ಮಗನಿಗೆ ಮನೆಗಳು ಬರುತ್ತವೆ. ಬಾಯಲ್ಲಿದ್ದ ವಂಶಾವಳಿ ಈಗ ಪುಸ್ತಕಕ್ಕೆ ಏರಿದೆ. ನಮ್ಮ ಹೆಳವ ಬರುವುದು ಮೋಟಾರ್ ಸೈಕಲಿನಲ್ಲಿ. ಪುಸ್ತಕಕ್ಕೆ ಮಾತ್ರ ಕೆಂಪು ಬಟ್ಟೆಯ ಹೊದಿಕೆ.

ಕಳೆದ ಫಾಲ್ಗುಣದಲ್ಲಿ ಆತ ಬಂದಾಗ ನಾನು ಹತ್ತಿರ ಕುಳಿತು ಓದಿಸಿಕೊಂಡೆ. ಮೂಲಪುರುಷ ಹಿರಿಯೂರು ಸೀಮೆಯಿಂದ "ಧಾತು ಈಶ್ವರದ ಬರ"ದಲ್ಲಿ ಒಂಟಿ ಎತ್ತಿನೊಡನೆ ಬಂದನೆಂದು ಹೇಳಿದ. ಧಾತು ಸಂವತ್ಸರ ಅರವತ್ತು ವರುಷಕ್ಕೊಮ್ಮೆ ಬರುತ್ತದೆ: 1876, 1936, 1996. ಶಾಸನದಲ್ಲಾದರೆ ಶಕವರ್ಷವನ್ನೂ ಹೇಳಿರುವುದರಿಂದ ತೊಡಕಿಲ್ಲ. ಇಲ್ಲಿ ತಲೆಮಾರುಗಳನ್ನೆಣಿಸಬೇಕು. ನನ್ನಿಂದ ಮೂಲಪುರುಷನವರೆಗೆ ಆರು ತಲೆ; ಒಂದೊಂದಕ್ಕೆ ಇಪ್ಪತ್ತೈದು ಮೂವತ್ತು ವರುಷವೆಂದರೆ 1876ಕ್ಕೇ ಹೊಂದುತ್ತದೆ. ಅದು ಮೈಸೂರು ಸಂಸ್ಥಾನವನ್ನು ಬರಿದುಮಾಡಿದ ಮಹಾಕ್ಷಾಮ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಒಂಟಿ ಎತ್ತಿನ ಜೋಡಿ ಏನಾಯಿತೆಂದು ಕೇಳಬೇಕಾಗಿಲ್ಲ.

ಹೆಳವನ ಮಾತು ಇತಿಹಾಸದೊಡನೆ ಇಷ್ಟು ಚೆನ್ನಾಗಿ ಕೂಡಿಬಂದುದನ್ನು ಕಂಡು ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಕೇಳಿದೆ, "ಮುತ್ತಜ್ಜನ ತಾಯಿ ಯಾರು?" ಆತ ಹಾಳೆ ತಿರುವಿದ. ಅಪ್ಪ, ಮಗ, ಮಗನ ಮಗ. "ಹೆಣ್ಣು ದಿಕ್ಕು ಬರೆಯೋದಿಲ್ಲ ತಾಯಿ" ಎಂದ.

ಬಸ್ತಿಹಳ್ಳಿಯ ಮನೆತನ ನನ್ನ ಸಹಾಯಕ್ಕೆ ಬಂದುದು ಆಗ. ಆ ಶಾಸನಗಳನ್ನು ಮೊದಲು ಓದಿದಾಗ ಏಚನೆಂಬ ಹೆಸರಿನಲ್ಲಿ ಗೊಂದಲಗೊಂಡಿದ್ದೆ. ಗಂಗರಾಜನ ತಂದೆ ಏಚ. ಗಂಗರಾಜನ ಅಣ್ಣ ಬಮ್ಮನ ಮಗನೂ ಏಚ. ಮೊಮ್ಮಗನಿಗೆ ಅಜ್ಜನ ಹೆಸರು! ಈ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟು. ಮೊಮ್ಮಗಳಿಗೆ ಅಜ್ಜಿಯ ಹೆಸರೂ ಉಂಟು. ಹಾಗಿದ್ದ ಮೇಲೆ ಮುತ್ತಜ್ಜನ ಹೆಣ್ಣುಮಕ್ಕಳಲ್ಲಿ ಹಿರಿಯಳಿಗೆ ಆತನ ತಾಯಿಯ ಹೆಸರೇ ಇರಬೇಕಲ್ಲವೆ? ಆ ಹಿರಿಯಳು, ನಮ್ಮ ತಾತನ ಅಕ್ಕ, ಹಳೇಬೀಡಿನ ಬಳಿಯ ಹಳ್ಳಿಯೊಂದರಲ್ಲಿ ಇನ್ನೂ ಇದ್ದಾಳೆ. ಎಂಬತ್ತೆಂಟು ವರುಷ. ಅವಳನ್ನು ಎಲ್ಲರೂ ಅಜ್ಜಮ್ಮ ಎನ್ನುತ್ತಾರೆ. ಮುದುಕಿಯಾದುದರಿಂದ ಹಾಗೆ ಕರೆಯುತ್ತಾರೆಂದೇ ನಾನು ತಿಳಿದಿದ್ದೆ. ವಂಶವೃಕ್ಷದಲ್ಲಿಯೂ ಅಜ್ಜಮ್ಮ ಎಂದೇ ಬರೆದಿದ್ದೆ.

ಒಂದು ಭಾನುವಾರ ಹೋದೆ. ಕೇಳಿದ್ದಕ್ಕೆ ಅವಳು ನಕ್ಕಳು. ತೊಟ್ಟಿಲಲ್ಲಿ ಇದ್ದಾಗಿನಿಂದಲೂ ಅವಳು ಅಜ್ಜಮ್ಮನೇ ಅಂತೆ. ಹೆಸರಿಟ್ಟುದೇನೋ ಅಜ್ಜಿಯ ಹೆಸರನ್ನೇ. ಆದರೆ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಎತ್ತುವಂತಿಲ್ಲವಲ್ಲ! ಹೆತ್ತ ತಾಯಿ ಮಗಳನ್ನು ಆ ಹೆಸರಿನಿಂದ ಕೂಗುವುದು ಹೇಗೆ? ಅಜ್ಜಮ್ಮ ಎಂದಳು, ಊರೆಲ್ಲ ಅಜ್ಜಮ್ಮ ಎಂದಿತು. ಗೌರವಿಸುವುದಕ್ಕಾಗಿಯೇ ಹೆಸರನ್ನು ಮುಚ್ಚಿದರು, ಮುಚ್ಚಿದ್ದು ಮರೆತೇ ಹೋಯಿತು. ಅವಳು ಎದ್ದು ಪೆಟ್ಟಿಗೆಯಿಂದ ಮತದಾರರ ಗುರುತಿನ ಚೀಟಿಯನ್ನು ತಂದು ನನ್ನ ಕೈಗಿಟ್ಟಳು. ಅದರಲ್ಲಿ ಇತ್ತು. ನಮ್ಮ ಊರದೇವತೆಯ ಹೆಸರೇ. ವರುಷಕ್ಕೊಮ್ಮೆ ತೇರಿನ ಮುಂದೆ ನಾವೆಲ್ಲ ಕೂಗುವ ಹೆಸರು. "ಅವ್ವ ಬೇಲೂರ ಕಡೆಯೋಳೂ ಅಲ್ಲ, ಕಡೂರ ಕಡೆಯೋಳೂ ಅಲ್ಲ, ಇದೇ ಊರ ಹೆಣ್ಣು" ಎಂದೂ ಹೇಳಿದಳು. ಬರದಲ್ಲಿ ಬಂದವನ ಮಗನಿಗೆ ಊರವರು ಹೆಣ್ಣು ಕೊಟ್ಟರು, ಆಮೇಲೆಯೇ ಈ ಮನೆ ಈ ಊರಿನದಾಯಿತು.

ಈ ಫಾಲ್ಗುಣದಲ್ಲಿ ಹೆಳವ ಮತ್ತೆ ಬಂದ. ಹೆಸರನ್ನು ಬರೆದುಕೋ ಎಂದೆ. ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಎರಡು ಸೇರು ರಾಗಿ ಹೆಚ್ಚು ಕೇಳಿ, ಅಂಚಿನಲ್ಲಿ ಅಡ್ಡವಾಗಿ ಬರೆದ. ನನ್ನ ಹೆಸರನ್ನೂ ಕೇಳಿದೆ. "ನಿನ್ನದು ಕೊಟ್ಟ ಮನೆಯ ಹೆಳವನಿಗೆ ಸೇರಿದ್ದು" ಎಂದ. ಆ ಹೆಳವನೂ ಹೆಣ್ಣು ದಿಕ್ಕು ಬರೆಯುವುದಿಲ್ಲವಲ್ಲ ಎಂದೆ. ಅವನು ಲೇಖನಿಯನ್ನು ಮತ್ತೆ ತೆರೆದ. ಅಮ್ಮ ಒಳಗಿನಿಂದ ಇನ್ನೊಂದು ಸೇರು ತಂದಳು.