ಶಾಸಕರ ಬಾಗಿಲಿಗೆ ಅರ್ಜಿ ಒಯ್ಯುವ ಮುನ್ನ

ಶಾಸಕರ ಸಹಿ ಇರುವ ಶಿಫಾರಸು ಪತ್ರ ಕಾನೂನಿನ ಕಣ್ಣಿನಲ್ಲಿ ಆದೇಶವಲ್ಲ. ತಹಶೀಲ್ದಾರರಾಗಲಿ, ತಾಲ್ಲೂಕು ಪಂಚಾಯಿತಿಯ ಇಒ ಆಗಲಿ ಅದನ್ನು ಪಾಲಿಸಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜನ ಕಷ್ಟ ಬಂದಾಗ ಮೊದಲು ಹುಡುಕುವುದು ಆ ಪತ್ರವನ್ನೇ. “ಸಾಹೇಬ್ರ, ಒಂದು ಚೀಟಿ ಕೊಡ್ರಿ, ಕೆಲಸ ಆಗತೈತಿ” ಎಂದು ಕೈಮುಗಿಯುತ್ತಾರೆ. ವಿಧವಾ ವೇತನ ನಿಂತವರು, ಉತಾರದಲ್ಲಿ ಹೆಸರು ತಪ್ಪಾದವರು, ನೆರೆ ಪರಿಹಾರ ಬಾರದವರು, ಮನೆ ಪಟ್ಟಿಯಿಂದ ಬಿಟ್ಟುಹೋದವರು, ಎಲ್ಲರೂ ಒಂದೇ ಬಾಗಿಲಿಗೆ. ಇವರಲ್ಲಿ ಹಲವರು ಕೇಳುತ್ತಿರುವುದು ಉಪಕಾರವನ್ನಲ್ಲ, ಇಂತಿಷ್ಟು ದಿನದೊಳಗೆ ಕೊಡಬೇಕೆಂದು ಕಾಯ್ದೆಯೇ ಗೊತ್ತುಪಡಿಸಿರುವ ಸೇವೆಯನ್ನು. ಅದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು ಬಂದು ಕಾಯುವುದನ್ನು ಕಂಡರೆ ಸಂಕಟವಾಗುತ್ತದೆ.

ಹಾಗೆಂದು ಶಾಸಕರ ಬಳಿ ಹೋಗಬೇಡಿ ಎನ್ನುತ್ತಿಲ್ಲ. ತಿಂಗಳು ತಿಂಗಳೂ ಅವರು ಮಾಡುವ ಕೆಲಸಗಳಲ್ಲಿ ಕೆಲವಕ್ಕೆ ಕಾನೂನಿನ ಬಲವಿದೆ, ಕೆಲವಕ್ಕೆ ಮಾತಿನ ಬಲ ಮಾತ್ರ. ಇವೆರಡನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಜಿ ಸರಿಯಾದ ಮೇಜಿಗೆ ಹೋಗುತ್ತದೆ.

ಮೊದಲು ನಿಮ್ಮ ಶಾಸಕರು ಯಾರು ಎಂಬುದನ್ನೇ ಖಚಿತ ಮಾಡಿಕೊಳ್ಳಿ. ಇದು ಸಣ್ಣ ಮಾತಲ್ಲ. ವಿಜಯಪುರ ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳ ಗಡಿ 2008ರ ಪುನರ್ವಿಂಗಡಣೆಯದ್ದು. ತಾಳಿಕೋಟಿ, ಚಡಚಣ, ದೇವರ ಹಿಪ್ಪರಗಿ, ನಿಡಗುಂದಿ, ಕೊಲ್ಹಾರ, ಆಲಮೇಲ ಮೊದಲಾದ ಹೊಸ ತಾಲ್ಲೂಕುಗಳು ಹುಟ್ಟಿದ್ದು ಅದಾದ ಮೇಲೆ. ಹಾಗಾಗಿ ತಾಲ್ಲೂಕಿನ ಗೆರೆಯೂ ಕ್ಷೇತ್ರದ ಗೆರೆಯೂ ಒಂದರ ಮೇಲೊಂದು ಕೂರುವುದಿಲ್ಲ. ಚಡಚಣ ಹಿಂದೆ ಇಂಡಿ ತಾಲ್ಲೂಕಿನಲ್ಲಿತ್ತು, ಆದರೆ ಮತ ಹಾಕುವುದು ನಾಗಠಾಣ ಕ್ಷೇತ್ರಕ್ಕೆ. 2023ರ ಮೇ ತಿಂಗಳಲ್ಲಿ ಇಂಡಿಯಿಂದ ಯಶವಂತರಾಯಗೌಡ ಪಾಟೀಲ, ಸಿಂದಗಿಯಿಂದ ಅಶೋಕ ಮನಗೂಳಿ, ಮುದ್ದೇಬಿಹಾಳದಿಂದ ಸಿ.ಎಸ್. ನಾಡಗೌಡ, ಬಸವನ ಬಾಗೇವಾಡಿಯಿಂದ ಶಿವಾನಂದ ಪಾಟೀಲ ಆರಿಸಿ ಬಂದರು. ನಾಲ್ಕೂ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾದ ವಿಜಯಪುರ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ನಿಮ್ಮ ಮತದಾರರ ಗುರುತಿನ ಚೀಟಿಯ ಮೇಲೆ ಕ್ಷೇತ್ರದ ಹೆಸರಿದೆ, ಅದನ್ನು ನೋಡಿಯೇ ಅರ್ಜಿ ಬರೆಯಿರಿ.

ಈಗ ಕಾನೂನಿನ ಬಲ ಇರುವ ಕಡೆಗೆ ಬರೋಣ. ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ಶಾಸಕರೇ ಅಧ್ಯಕ್ಷರು. ಕೃಷಿ, ತೋಟಗಾರಿಕೆ, ಹೆಸ್ಕಾಂ, ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಹೀಗೆ ಪ್ರತಿ ಇಲಾಖೆಯ ತಾಲ್ಲೂಕು ಅಧಿಕಾರಿ ಅಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು. ಮರುದಿನ ಪತ್ರಿಕೆಯಲ್ಲಿ “ಅಧಿಕಾರಿಗಳಿಗೆ ಶಾಸಕರ ತರಾಟೆ” ಎಂಬ ಶೀರ್ಷಿಕೆ ಬರುತ್ತದೆ. ನಮಗೆ ಬೇಕಾಗಿರುವುದು ಶೀರ್ಷಿಕೆಯಲ್ಲ, ಸಭೆಯ ನಡಾವಳಿ. ಯಾವ ವಿಷಯ ಬಂತು, ಯಾವ ಅಧಿಕಾರಿಗೆ ಎಷ್ಟು ದಿನದ ಗಡುವು ಕೊಟ್ಟರು ಎಂಬುದು ಅಲ್ಲಿ ದಾಖಲಾಗುತ್ತದೆ. ಮುಂದಿನ ಸಭೆಗೆ ಅದೇ ಅಧಿಕಾರಿ ‘ಅನುಪಾಲನಾ ವರದಿ’ ತರಬೇಕು.

ಆದ್ದರಿಂದ ಊರಿನ ಕೆಲಸಕ್ಕೆ, ಅಂದರೆ ಕೆಟ್ಟ ರಸ್ತೆ, ವೈದ್ಯರಿಲ್ಲದ ಆಸ್ಪತ್ರೆ, ಸುಟ್ಟುಹೋದ ಟಿಸಿ, ಮೇಷ್ಟ್ರಿಲ್ಲದ ಶಾಲೆ ಇಂಥವಕ್ಕೆ ಚೀಟಿ ಕೇಳಬೇಡಿ. ಸಭೆಗೆ ಒಂದು ವಾರ ಮೊದಲೇ ಮೂರು ಪ್ರತಿ ಅರ್ಜಿ ಮಾಡಿ, ಒಂದನ್ನು ಶಾಸಕರ ಕಚೇರಿಗೂ ಇನ್ನೊಂದನ್ನು ತಾಲ್ಲೂಕು ಪಂಚಾಯಿತಿ ಇಒ ಅವರಿಗೂ ಕೊಡಿ. ವಿಷಯವನ್ನು ಕೆಡಿಪಿ ಕಾರ್ಯಸೂಚಿಗೆ ಸೇರಿಸಿ ಎಂದು ಅದರಲ್ಲೇ ಬರೆಯಿರಿ. ನಿಮ್ಮ ಬಳಿ ಉಳಿಯುವ ಮೂರನೆಯ ಪ್ರತಿಯ ಮೇಲೆ ಕಚೇರಿಯ ಸಿಕ್ಕಾ ಮತ್ತು ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಸಭೆ ಮುಗಿದ ಮೇಲೆ ನಡಾವಳಿ ಮತ್ತು ಅನುಪಾಲನಾ ವರದಿಯ ಪ್ರತಿ ಕೇಳಿ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಬಾರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ನನ್ನ ಅನಿಸಿಕೆಯಲ್ಲಿ ತಾಲ್ಲೂಕಿನಲ್ಲಿ ನಾಗರಿಕನ ಕೈಗೆ ಸಿಗುವ ಕಾಗದಗಳಲ್ಲಿ ಅನುಪಾಲನಾ ವರದಿಯಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ಅದನ್ನು ಕೇಳುವವರು ಮಾತ್ರ ತೀರ ಕಡಿಮೆ.

ಬಗರ್‌ಹುಕುಂ ಸಾಗುವಳಿ ಸಕ್ರಮ ಸಮಿತಿಯೂ ಶಾಸಕರ ಅಧ್ಯಕ್ಷತೆಯದ್ದೇ, ತಹಶೀಲ್ದಾರರು ಅದರ ಸದಸ್ಯ ಕಾರ್ಯದರ್ಶಿ. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು ಇಲ್ಲಿ ಶಾಸಕರನ್ನು ಕೇಳುವುದು ಸರಿಯಾದ ದಾರಿ. ಆದರೆ ಕೇಳಬೇಕಾದ ಪ್ರಶ್ನೆ “ನಮಗೆ ಕೊಡಸ್ರಿ” ಎಂಬುದಲ್ಲ. “ನನ್ನ ಅರ್ಜಿ ಯಾವ ಸಭೆಯ ಮುಂದೆ ಬಂತು, ತಿರಸ್ಕಾರವಾಗಿದ್ದರೆ ಕಾರಣ ಏನು ಬರೆದಿದ್ದಾರೆ” ಎಂಬುದು. ಕಾರಣವಿರುವ ಲಿಖಿತ ಆದೇಶ ಕೈಯಲ್ಲಿದ್ದರೆ ಮಾತ್ರ ಮೇಲ್ಮನವಿಗೆ ಹಾದಿ.

ಮನೆಯ ವಿಷಯದಲ್ಲಿ ಊರಿಗೂ ಪಟ್ಟಣಕ್ಕೂ ದೊಡ್ಡ ವ್ಯತ್ಯಾಸವಿದೆ. ಪಟ್ಟಣದಲ್ಲಿ ಆಶ್ರಯ ಸಮಿತಿಯ ಅಧ್ಯಕ್ಷರು ಶಾಸಕರು. ಹಳ್ಳಿಯಲ್ಲಿ ಬಸವ ವಸತಿಯಂಥ ಯೋಜನೆಗೆ ಫಲಾನುಭವಿಗಳನ್ನು ಆರಿಸುವುದು ಗ್ರಾಮ ಸಭೆ. ಯೋಜನೆಗೆ ಹೆಸರು ಕೊಟ್ಟ ಬಸವಣ್ಣನವರು ಹುಟ್ಟಿದ ಬಾಗೇವಾಡಿ ಸೀಮೆಯಲ್ಲೇ ಎಷ್ಟೋ ಜನ ಗ್ರಾಮ ಸಭೆಗೆ ಹೋಗದೆ, ಪಟ್ಟಿ ಮುಗಿದ ಮೇಲೆ ನಾಯಕರ ಮನೆಗೆ ಹೋಗುತ್ತಾರೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ಸೇರಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಅಕ್ಕ, ತಂಗಿಯರು ಬಾಗಿಲ ಹೊರಗೆ ನಿಲ್ಲಬೇಕಿಲ್ಲ, ಕಾಯ್ದೆ ಅವರ ಹಾಜರಿಯನ್ನು ಬೇಡುತ್ತದೆ. ನಡಾವಳಿ ಪುಸ್ತಕದಲ್ಲಿ ನಿಮ್ಮ ಆಕ್ಷೇಪಣೆ ಬರೆದ ಮೇಲೆಯೇ ಸಹಿ ಮಾಡಿ. ಖಾಲಿ ಹಾಳೆಗೆ ಸಹಿ ಬೇಡ.

ಹಣದ ಮಾತು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದ್ದು 5 ಕೋಟಿ. ಸಂಸದರ ನಿಧಿಯಲ್ಲಿ ಶೇ 15 ಪರಿಶಿಷ್ಟ ಜಾತಿಯವರು ವಾಸಿಸುವ ಪ್ರದೇಶಕ್ಕೆ, ಶೇ 7.5 ಪರಿಶಿಷ್ಟ ಪಂಗಡದವರ ಪ್ರದೇಶಕ್ಕೆ ಹೋಗಬೇಕು. ಇಬ್ಬರೂ ಕಾಮಗಾರಿ ಸೂಚಿಸಬಹುದು, ಮಂಜೂರು ಮಾಡುವುದು ಜಿಲ್ಲಾಡಳಿತ. ನಿಮ್ಮ ಓಣಿಯ ಸಮುದಾಯ ಭವನಕ್ಕೆ ಎಷ್ಟು ಬಂತು, ಗುತ್ತಿಗೆ ಯಾರಿಗೆ, ಕೆಲಸ ಮುಗಿದ ಪ್ರಮಾಣಪತ್ರ ಆಗಿದೆಯೇ ಎಂಬುದೆಲ್ಲ ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲಿದೆ.

ಪ್ರಮಾಣಪತ್ರ, ಪಿಂಚಣಿ, ಖಾತೆ ಬದಲಾವಣೆ ಇಂಥ ವೈಯಕ್ತಿಕ ಕೆಲಸಗಳಿಗೆ ‘ಸಕಾಲ’ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯಕ್ಕೆಲ್ಲ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ರಸೀದಿ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ. ಮೊತ್ತ ಸಣ್ಣದು, ಆದರೆ ಅಧಿಕಾರಿಯ ದಾಖಲೆಯಲ್ಲಿ ಉಳಿಯುವ ಗುರುತು ಸಣ್ಣದಲ್ಲ. ಸಕಾಲದ ಪಟ್ಟಿಯಲ್ಲಿಲ್ಲದ ದೂರಿಗೆ ‘ಜನಸ್ಪಂದನ’ದ 1902ಕ್ಕೆ ಕರೆ ಮಾಡಬಹುದು.

ಭೀಮೆಯ ನೆರೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ತೀರದ ಹೊಲಗಳು ನೀರಿನಡಿ ಹೋದವು. 2025ರ ನೆರೆಯ ಹೊತ್ತಿಗೆ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದವರಿಗೆ ಹೆಕ್ಟೇರಿಗೆ ಒಣಬೇಸಾಯಕ್ಕೆ 8,500, ನೀರಾವರಿಗೆ 17,000, ಲಿಂಬೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಎಂದು ಗೊತ್ತುಮಾಡಿತ್ತು, ಗರಿಷ್ಠ ಎರಡು ಹೆಕ್ಟೇರಿಗೆ. 2025ರಲ್ಲಿ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಸೇರಿಸಿ ಘೋಷಿಸಿತು. ಈ ಹಣ ಶಾಸಕರ ಕೈಯಿಂದ ಬರುವುದಲ್ಲ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಯ ದತ್ತಾಂಶ ‘ಪರಿಹಾರ’ ತಂತ್ರಾಂಶಕ್ಕೆ ಏರಿ, ಆಧಾರ್ ಜೋಡಣೆಯಾದ ಖಾತೆಗೆ ನೇರ ಬರುತ್ತದೆ. ನೀರು ಇಳಿಯುತ್ತಿದ್ದಂತೆಯೇ ಸರ್ವೆ ನಂಬರು ಬರೆದ ಅರ್ಜಿಯನ್ನು ತಲಾಟಿ ಕಚೇರಿಗೆ ಕೊಟ್ಟು, ಹೊಲದ ಫೋಟೊ ಇಟ್ಟುಕೊಂಡು, ನಿಮ್ಮ ರೈತ ಗುರುತಿನ ಸಂಖ್ಯೆಯಲ್ಲಿ (ಎಫ್‌ಐಡಿ) ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಪರಿಶೀಲಿಸಿ. ಬೆಳೆ ವಿಮೆ ಇದಕ್ಕಿಂತ ಬೇರೆ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಪತ್ತಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸದಿದ್ದರೆ ಹಕ್ಕು ಕೈತಪ್ಪುತ್ತದೆ. ಲೀಸಿಗೆ ಹೊಲ ಮಾಡುವವರ ಪಾಡು ಇಲ್ಲಿ ಅತಿ ಕಷ್ಟದ್ದು. ಉತಾರ ಮಾಲೀಕರ ಹೆಸರಿನಲ್ಲಿರುವುದರಿಂದ ಪರಿಹಾರವೂ ಅವರಿಗೇ ಹೋಗುತ್ತದೆ. ಬಾಯಿಮಾತಿನ ಲೀಸು ಬಿಟ್ಟು ಬರಹದ ಕರಾರು ಮಾಡಿಕೊಳ್ಳಿ, ನೆರೆಯ ಪರಿಹಾರ ಯಾರಿಗೆ ಎಂಬುದನ್ನು ಅದರಲ್ಲೇ ಬರೆಸಿ.

ಊರಿನ ವಿಷಯವೇ ದೇಶದ ವಿಷಯವಾಗುವುದೂ ಈ ಜಿಲ್ಲೆಯಲ್ಲಿ ಹೊಸದಲ್ಲ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ, ಈಗ ನಿಡಗುಂದಿ ತಾಲ್ಲೂಕಿನ ಆಲಮಟ್ಟಿ ಅಣೆಕಟ್ಟೆಯನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಅಂತಿಮ ತೀರ್ಪಿನ ಕೇಂದ್ರ ಅಧಿಸೂಚನೆಗೆ ಸುಪ್ರೀಂ ಕೋರ್ಟಿನ 2011ರ ಆದೇಶ ಅಡ್ಡವಾಯಿತು. ಅಂತರರಾಜ್ಯ ಜಲವಿವಾದವನ್ನು ಒಬ್ಬ ರೈತ ಸಿವಿಲ್ ಕೋರ್ಟಿಗೆ ಒಯ್ಯಲಾಗದು, 1956ರ ಕಾಯ್ದೆ ಅದನ್ನು ತಡೆದಿದೆ. ಅಲ್ಲಿ ಕೆಲಸ ಮಾಡಬೇಕಾದವರು ಸಂಸದರು ಮತ್ತು ರಾಜ್ಯ ಸರ್ಕಾರ. ಸಂಸತ್ತಿನಲ್ಲಿ ಎಂದು ಪ್ರಶ್ನೆ ಕೇಳಿದರು, ಸಚಿವರ ಉತ್ತರ ಏನು ಎಂಬುದು ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಕೇಂದ್ರ ಯೋಜನೆಗಳ ಪ್ರಗತಿಗೆ ಸಂಸದರ ಅಧ್ಯಕ್ಷತೆಯ ‘ದಿಶಾ’ ಸಮಿತಿ ಇದೆ, ಅದರ ನಡಾವಳಿಯನ್ನೂ ಕೇಳಬಹುದು. ಬೆಳಗಾವಿ ಅಧಿವೇಶನದ ಹೊತ್ತಿಗೆ ಶಾಸಕರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಗೆ ಊರಿನವರು ಸಾಮೂಹಿಕ ಮನವಿ ಸಲ್ಲಿಸುವ ದಾರಿಯೂ ಉಂಟು.

ಆದರೆ ಅಣೆಕಟ್ಟೆ ಏರಿದರೆ ಮುಳುಗಡೆಯಾಗುವ ಹೊಲದ ಬೆಲೆ ನಿಮ್ಮದೇ ಹಕ್ಕು, ಅದಕ್ಕೆ ನಾಯಕರ ಭಾಷಣವನ್ನು ಕಾಯಬೇಕಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದ ಮೇಲೆ ಹೆಚ್ಚು ಕೇಳುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಸಹಿಗೆ ಮುನ್ನ ಬಾವಿ, ಗಿಡಮರ, ಪೈಪ್‌ಲೈನ್ ಎಲ್ಲ ಪಂಚನಾಮೆಯಲ್ಲಿ ಬಂದಿವೆಯೇ, ನೀರಾವರಿ ಹೊಲವನ್ನು ಒಣಭೂಮಿ ಎಂದು ಬರೆದಿಲ್ಲವೇ ನೋಡಿ. ಒಪ್ಪಂದವಿಲ್ಲದ ಐತೀರ್ಪಾದರೆ 2013ರ ಭೂಸ್ವಾಧೀನ ಕಾಯ್ದೆಯ ಕಲಂ 64ರಂತೆ ಮರುಪರಿಶೀಲನೆ ಕೇಳಬಹುದು. ಐತೀರ್ಪಿನ ದಿನ ಹಾಜರಿದ್ದವರಿಗೆ ಆರು ವಾರ ಮಾತ್ರ ಸಮಯ.

2024ರ ಅಕ್ಟೋಬರ್‌ನಲ್ಲಿ ಜಿಲ್ಲೆಯ ಹೊಲಗಳ ಉತಾರದಲ್ಲಿ ವಕ್ಫ್ ನಮೂದಿನ ವಿವಾದ ಎದ್ದು, ಇಂಡಿ ತಾಲ್ಲೂಕಿನ ಕೆಲವು ಸರ್ವೆ ನಂಬರುಗಳಲ್ಲಿ ನೋಟಿಸ್ ಇಲ್ಲದೆಯೇ ನಮೂದಾಗಿತ್ತೆಂಬುದು ಬಯಲಾಯಿತು. ಸರ್ಕಾರ ನೋಟಿಸುಗಳನ್ನು ಹಿಂಪಡೆಯಲು ಹೇಳಿತು, ವಕ್ಫ್ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಜಂಟಿ ಸಮಿತಿಯ ಅಧ್ಯಕ್ಷರೂ ವಿಜಯಪುರಕ್ಕೆ ಬಂದು ಹೋದರು. ರಾಜಕೀಯದ ಮಾತು ಯಾರದ್ದೇ ಇರಲಿ, ಎಲ್ಲರಿಗೂ ಒಂದೇ ಕಾನೂನು: ಸಂಬಂಧಪಟ್ಟವರಿಗೆ ನೋಟಿಸ್ ಕೊಡದೆ, ಆಕ್ಷೇಪಣೆ ಕೇಳದೆ ಹಕ್ಕು ಬದಲಾವಣೆ ಮಾಡುವಂತಿಲ್ಲ. ಅದು ಮಠದ ಜಾಗವಾಗಲಿ, ದರ್ಗಾದ್ದಾಗಲಿ, ಬಡ ರೈತನದ್ದಾಗಲಿ. ತಪ್ಪು ನಮೂದಾಗಿದ್ದರೆ ಭೂಕಂದಾಯ ಕಾಯ್ದೆಯ ಕಲಂ 136(2)ರಡಿ 60 ದಿನದೊಳಗೆ ಉಪವಿಭಾಗಾಧಿಕಾರಿಗೆ (ಎಸಿ) ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿಗೆ. ಇಂಡಿಯಲ್ಲೇ ಎಸಿ ಕಚೇರಿ ಇದೆ. ವರ್ಷಕ್ಕೆ ಎರಡು ಸಲವಾದರೂ ಉತಾರ ತೆಗೆಸಿ 9 ಮತ್ತು 11ನೆಯ ಕಾಲಂ ಓದುವ ರೂಢಿ ಇಟ್ಟುಕೊಳ್ಳಿ.

ಲಂಚ ಕೇಳಿದರೆ ಕೊಡುವ ಮೊದಲೇ ವಿಜಯಪುರದ ಲೋಕಾಯುಕ್ತ ಪೊಲೀಸರಿಗೆ ತಿಳಿಸಿ. 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವರಿಗಷ್ಟೇ ರಕ್ಷಣೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂದೆ ಸರಿಯಬೇಡಿ. ನಾಲ್ಕೂ ತಾಲ್ಲೂಕುಗಳ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ ಕಲಂ 12 ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರನ್ನು ಕೊಡುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಮಾತು ಅದೇ ಕಲಮಿನಲ್ಲಿದೆ: ನೆರೆಗೆ ಸಿಕ್ಕವರು, ಬರಕ್ಕೆ ಸಿಕ್ಕವರು ಕೂಡ ಅರ್ಹರು. ಭೀಮೆಯ ದಂಡೆಯವರಿಗೂ ಮಳೆ ಕೈಕೊಟ್ಟ ಸಿಂದಗಿಯ ತೊಗರಿ ಬೆಳೆಗಾರರಿಗೂ ಅದು ಅನ್ವಯಿಸುತ್ತದೆ. ಬಿಳಿ ಹಾಳೆಯ ಅರ್ಜಿ, ಆಧಾರ್ ಪ್ರತಿ, ಉತಾರ ಮತ್ತು ಸಿಕ್ಕಾ ಬಿದ್ದ ಹಳೆಯ ಅರ್ಜಿಗಳನ್ನು ಒಯ್ದರೆ ಸಾಕು. ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು, ಆ ಕರೆಗೆ ದುಡ್ಡಿಲ್ಲ.