ಸೆಲ್ಫ್ ಎತ್ತದ ಜನರೇಟರ್: ಬ್ಯಾಟರಿ ಇಳಿದಾಗ ಏನು ಮಾಡಬೇಕು?

ಕೀಲಿ ತಿರುಗಿಸಿದಾಗ ಎಂಜಿನ್ ಅಲುಗಾಡದೆ ಬರೀ ‘ಟಕ್’ ಎಂದು ಸದ್ದು ಬಂದರೆ ಮೊದಲು ಕೀಲಿಯಿಂದ ಕೈ ತೆಗೆಯಿರಿ. ಇಳಿದ ಬ್ಯಾಟರಿಯಲ್ಲೂ ಎಷ್ಟೋ ಸಲ ಒಂದು ಸರಿಯಾದ ಪ್ರಯತ್ನಕ್ಕೆ ಸಾಕಾಗುವಷ್ಟು ಕಸುವು ಉಳಿದಿರುತ್ತದೆ. ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಆ ಕಸುವು ಖಾಲಿಯಾಗುತ್ತದೆ, ಸ್ಟಾರ್ಟರ್ ಮೋಟಾರ್ ಕೂಡ ಕಾದು ಸುಡುವ ಹಂತಕ್ಕೆ ಹೋಗುತ್ತದೆ. ಉಳಿದಿರುವುದನ್ನು ಉಳಿಸಿಕೊಂಡು, ದೋಷ ಎಲ್ಲಿದೆ ಎಂದು ನೋಡಿ, ಆಮೇಲೆ ಒಮ್ಮೆ ಗಟ್ಟಿಯಾಗಿ ಪ್ರಯತ್ನಿಸುವುದೇ ಸರಿಯಾದ ದಾರಿ.

ಬೀದರಿನ ಫಂಕ್ಷನ್ ಹಾಲ್‌ನಲ್ಲಿ ಹೀಗಾದರೆ ಅರ್ಧ ಗಂಟೆಯಲ್ಲಿ ಮಿಸ್ತ್ರಿ ಬಂದಾನು. ಭಾಲ್ಕಿಯ ಪೇಟೆಯಲ್ಲೂ ಹಗಲು ಹೊತ್ತಾದರೆ ಯಾರಾದರೂ ಸಿಗುತ್ತಾರೆ. ಆದರೆ ಔರಾದ್ ದಾಟಿ ಮಹಾರಾಷ್ಟ್ರ ಗಡಿ ಕಡೆಯ ಹಳ್ಳಿಯಲ್ಲಿ, ಟ್ರಾಲಿ ಮೇಲೆ ಜನರೇಟರ್ ತಂದು ನಿಲ್ಲಿಸಿದ ಶಾಮಿಯಾನದವರಿಗೆ ರಾತ್ರಿ ಹತ್ತಕ್ಕೆ ಯಾರು ಸಿಗುತ್ತಾರೆ? ಈ ಬರಹ ಮುಖ್ಯವಾಗಿ ಅಂಥವರಿಗಾಗಿ.

ಮೊದಲು ಲೋಡ್ ತೆಗೆಯಿರಿ

ಜನರೇಟರ್‌ನ ಮುಖ್ಯ ಬ್ರೇಕರ್ ಕೆಳಗಿಳಿಸಿ. ಕರೆಂಟ್ ಹೋದ ಕೂಡಲೇ ತಾನೇ ಚಾಲೂ ಆಗುವ ಆಟೊ ಪ್ಯಾನೆಲ್ ಇದ್ದರೆ ಅದನ್ನು ಆಫ್‌ಗೆ ತನ್ನಿ. ನೀವು ಫ್ಯಾನ್ ಬೆಲ್ಟ್ ಪಕ್ಕದಲ್ಲಿ ಕೈ ಇಟ್ಟಾಗ ಯಂತ್ರ ತಾನಾಗಿ ಎದ್ದರೆ ಬೆರಳು ಉಳಿಯುವುದಿಲ್ಲ. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದ ಸ್ಥಿತಿಯಲ್ಲೇ ಇದೆಯೇ ಎಂದೂ ನೋಡಿ. ಮಕ್ಕಳು ಒತ್ತಿ ಹೋಗಿರುತ್ತಾರೆ, ನಾವು ಬ್ಯಾಟರಿಯನ್ನು ಬೈಯುತ್ತಿರುತ್ತೇವೆ.

ಇನ್ನು ಸದ್ದಿನ ವಿಷಯ. ಎಂಜಿನ್ ನರಳುತ್ತ ನಿಧಾನವಾಗಿ ಅರ್ಧ ಸುತ್ತು ತಿರುಗಿ ನಿಂತರೆ ಬ್ಯಾಟರಿ ಇಳಿದಿದೆ. ‘ಟಕಟಕಟಕ’ ಎಂದು ವೇಗವಾಗಿ ಬಡಿದುಕೊಂಡರೂ ಅದೇ ಅರ್ಥ. ಪ್ಯಾನೆಲ್‌ನ ಡಿಸ್‌ಪ್ಲೇ ಉರಿಯುತ್ತಿದ್ದು, ಸೆಲ್ಫ್ ಹೊಡೆದ ಕ್ಷಣ ಆರಿ ಮತ್ತೆ ಹೊತ್ತಿಕೊಂಡರೆ ಬ್ಯಾಟರಿಯಲ್ಲಿ ತೋರಿಕೆಗೆ ವೋಲ್ಟ್ ಇದೆ, ಎಳೆಯುವ ತಾಕತ್ತಿಲ್ಲ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ಡಿಸ್‌ಪ್ಲೇ ಮಂಕಾಗದೆ ಇದ್ದರೆ ಮಾತ್ರ ಅನುಮಾನ ಬೇರೆ ಕಡೆ: ಸ್ಟಾರ್ಟರ್, ಅದರ ಸಾಲಿನಾಯ್ಡ್ ಅಥವಾ ಸಡಿಲ ತಂತಿ. ಎಂಜಿನ್ ಜೋರಾಗಿಯೇ ತಿರುಗಿ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯ ಗೊಡವೆ ಬಿಟ್ಟು ಡೀಸೆಲ್ ನೋಡಿ.

ಜೇಬಿನಲ್ಲೊಂದು ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ವಿಶ್ರಾಂತಿಯಲ್ಲಿರುವ 12 ವೋಲ್ಟ್ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಬಹುತೇಕ ಖಾಲಿ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಅದಕ್ಕೆ ಇನ್ನು ದುಡ್ಡು ಹಾಕಬೇಡಿ. ಸೆಲ್ಫ್ ಹೊಡೆಯುವಾಗ ಒಬ್ಬರು ಮೀಟರ್ ನೋಡುತ್ತಿರಲಿ. ಆ ಹೊತ್ತಿನಲ್ಲಿ 9.5 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ ಎಂದು ಖಚಿತ.

ಟರ್ಮಿನಲ್ ಉಜ್ಜಿ, ಅರ್ಧ ಕೆಲಸ ಮುಗಿಯಬಹುದು

ಟ್ಯಾಂಕಿನಲ್ಲಿ ನೀರಿದ್ದೂ ನಲ್ಲಿ ಕಟ್ಟಿಕೊಂಡರೆ ಹೇಗೋ, ಬ್ಯಾಟರಿ ಚೆನ್ನಾಗಿದ್ದೂ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತರೆ ಹಾಗೆ. ಸೆಲ್ಫ್‌ಗೆ ನೂರಾರು ಆಂಪಿಯರ್ ಬೇಕು, ಆ ಪುಡಿಯ ಮೂಲಕ ಅಷ್ಟು ಹರಿಯುವುದಿಲ್ಲ. ಮೊದಲು ಮೈನಸ್ ತಂತಿ ಬಿಚ್ಚಿ, ನಂತರ ಪ್ಲಸ್. ಪಾನೆ ಪ್ಲಸ್‌ಗೂ ಎಂಜಿನ್ ಕಬ್ಬಿಣಕ್ಕೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ, ಮೈನಸ್ ಬಿಚ್ಚಿದ್ದರೆ ಆ ಭಯವಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ತಂತಿ ಬ್ರಷ್‌ನಿಂದ ಸೀಸ ಹೊಳೆಯುವವರೆಗೆ ಉಜ್ಜಿ. ಸೋಡಾ ನೀರು ಸೆಲ್‌ಗಳ ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಸೋಡಾ ಇಲ್ಲವೇ? ಪಾಲಿಷ್ ಪೇಪರ್ ಆದರೂ ಸಾಕು. ಮರುಜೋಡಣೆಯಲ್ಲಿ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೈನಸ್ ತಂತಿಯ ಇನ್ನೊಂದು ತುದಿ ಎಂಜಿನ್ ಬಾಡಿಗೆ ಕೂಡುವ ಬೋಲ್ಟನ್ನು ಹೆಚ್ಚಿನವರು ನೋಡುವುದೇ ಇಲ್ಲ. ಟ್ರಾಲಿಯ ಮೇಲೆ ಹಳ್ಳಿ ರಸ್ತೆಯಲ್ಲಿ ಕುಲುಕಿ ಬಂದ ಯಂತ್ರದಲ್ಲಿ ಸಡಿಲಾಗುವುದು ಹೆಚ್ಚಾಗಿ ಅದೇ.

ಈಗ ಒಮ್ಮೆ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್, ಅದಕ್ಕಿಂತ ಹೆಚ್ಚಿಲ್ಲ. ಏಳದಿದ್ದರೆ ಎರಡು ನಿಮಿಷ ಬಿಡಿ. ಬ್ಯಾಟರಿ ತುಸು ಚೇತರಿಸಿಕೊಳ್ಳುತ್ತದೆ, ಮೋಟಾರ್ ತಣಿಯುತ್ತದೆ. ಮೂರನೇ ಸಲಕ್ಕೂ ಏಳದಿದ್ದರೆ ಮುಂದಿನ ದಾರಿ ಹಿಡಿಯಿರಿ.

ಹ್ಯಾಂಡಲ್, ಹಗ್ಗ

ಹಳೆಯ ಒಂದು ಸಿಲಿಂಡರ್‌ನ ಡೀಸೆಲ್ ಯಂತ್ರಗಳಿಗೆ ಬ್ಯಾಟರಿಯ ಹಂಗಿಲ್ಲ. ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ವೇಗ ಬರುವ ತನಕ ತಿರುಗಿಸಿ, ಲಿವರ್ ಬಿಟ್ಟರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಬಿಗಿಯದೆ ಉಳಿದ ಬೆರಳುಗಳ ಬದಿಗೇ ಇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವುದು ಆ ಹೆಬ್ಬೆರಳಿನಿಂದಲೇ. ಧೋತರದ ಚುಂಗು, ಟವಲ್ ಮೈಮೇಲೆ ಜೋತಾಡಬಾರದು.

ಅಂಗಡಿಗಳ ಮುಂದಿಡುವ ಸಣ್ಣ ಪೆಟ್ರೋಲ್ ಜನರೇಟರ್‌ಗಳಿಗೆ ಸೆಲ್ಫ್ ಜತೆಗೆ ಸಾಮಾನ್ಯವಾಗಿ ಎಳೆಯುವ ಹಗ್ಗವೂ ಇರುತ್ತದೆ. ಪೆಟ್ರೋಲ್ ಕಾಕ್ ತೆರೆದು, ಚೋಕ್ ಎಳೆದು, ಸ್ವಿಚ್ ಆನ್ ಇಟ್ಟು, ಬಿಗಿ ಸಿಗುವವರೆಗೆ ಮೆಲ್ಲಗೆ, ಆಮೇಲೆ ಒಂದೇ ಸಲಕ್ಕೆ ಜೋರಾಗಿ ಎಳೆಯಿರಿ.

ಮೂರು-ನಾಲ್ಕು ಸಿಲಿಂಡರ್‌ನ, ಸದ್ದು ತಡೆಯುವ ಪೆಟ್ಟಿಗೆಯೊಳಗಿನ ಯಂತ್ರಗಳಿಗೆ ಇವೆರಡೂ ಇಲ್ಲ. ಫ್ಲೈವೀಲ್‌ಗೆ ಹಗ್ಗ ಸುತ್ತಿ ಎಳೆಯುವ ಸಾಹಸ ಖಂಡಿತ ಬೇಡ. ಇಂಥ ಹೆಚ್ಚಿನ ಯಂತ್ರಗಳಲ್ಲಿ ಡೀಸೆಲ್ ಬಿಡುವ ಸಾಲಿನಾಯ್ಡ್ ತೆರೆಯುವುದಕ್ಕೂ ಬ್ಯಾಟರಿಯ ಕರೆಂಟೇ ಬೇಕು, ಹಾಗಾಗಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಂಜಿನ್ ಹೇಗೆ ತಿರುಗಿಸಿದರೂ ಹೊತ್ತಿಕೊಳ್ಳುವುದಿಲ್ಲ.

ಟ್ರ್ಯಾಕ್ಟರ್‌ನಿಂದ ಜಂಪ್

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎಲ್ಲ ಹೊತ್ತಿನಲ್ಲೂ ಸಿಗುವ ನೆರವು ಟ್ರ್ಯಾಕ್ಟರ್. ಅದರ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್; ಬೊಲೆರೊ, ಜೀಪು, ಕಾರುಗಳದೂ ಅಷ್ಟೆ. ದೊಡ್ಡ ಲಾರಿ ಮತ್ತು ಬಸ್‌ಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಅದನ್ನು 12 ವೋಲ್ಟ್ ಜನರೇಟರ್‌ಗೆ ಕೊಟ್ಟರೆ ಪ್ಯಾನೆಲ್ ಸುಟ್ಟುಹೋಗುತ್ತದೆ, ಬ್ಯಾಟರಿ ಸಿಡಿಯಲೂಬಹುದು. ನಿಮ್ಮ ಜನರೇಟರ್ 24 ವೋಲ್ಟ್‌ನದ್ದಾದರೆ ಟ್ರ್ಯಾಕ್ಟರ್ ಅದನ್ನು ಎಬ್ಬಿಸಲಾರದು. ಆಗ ಎರಡು ಬ್ಯಾಟರಿಗಳ ನಡುವಿನ ಕೊಂಡಿ ಬಿಚ್ಚಿ ಒಂದೊಂದನ್ನೇ ಚಾರ್ಜ್ ಮಾಡಿಕೊಳ್ಳಬೇಕು. ಎರಡೂ ಕಡೆಯ ನೇಮ್‌ಪ್ಲೇಟ್ ಓದಿಯೇ ಕೇಬಲ್ ಮುಟ್ಟಿ.

ಕೇಬಲ್ ದಪ್ಪಗಿರಲಿ, ತಾಮ್ರದ್ದು, 25 ಚದರ ಮಿ.ಮೀ. ಇದ್ದರೆ ಒಳ್ಳೆಯದು. ಮನೆ ವೈರಿಂಗ್‌ನ ತಂತಿ ಸೆಲ್ಫ್‌ನ ಎಳೆತಕ್ಕೆ ಕಾದು ಕರಗುತ್ತದೆ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಆಸಿಡ್ ಸೋರುತ್ತಿದ್ದರೆ ಜಂಪ್ ಮಾಡಲೇಬೇಡಿ. ಬೀಡಿ, ಸಿಗರೇಟು ದೂರ. ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ ಬ್ಯಾಟರಿಯೊಳಗೆ ಇಣುಕುವವರನ್ನು ಕೂಡಲೇ ತಡೆಯಿರಿ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಟ್ರ್ಯಾಕ್ಟರ್ ಹತ್ತಿರ ನಿಲ್ಲಲಿ, ಜನರೇಟರ್‌ಗೆ ತಾಗದಿರಲಿ, ಎಂಜಿನ್ ಬಂದ್ ಇರಲಿ. ಕೆಂಪು ಕೇಬಲ್‌ನ ಒಂದು ತುದಿ ಜನರೇಟರ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಟ್ರ್ಯಾಕ್ಟರ್ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಮೊದಲು ಟ್ರ್ಯಾಕ್ಟರ್‌ನ ಮೈನಸ್‌ಗೆ. ಅದರ ಕೊನೆಯ ತುದಿಯನ್ನು ಇಳಿದ ಬ್ಯಾಟರಿಯ ಮೈನಸ್‌ಗೆ ಹಾಕದೆ, ಬ್ಯಾಟರಿಯಿಂದ ದೂರ, ಜನರೇಟರ್ ಎಂಜಿನ್‌ನ ಬಣ್ಣವಿಲ್ಲದ ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಸಣ್ಣ ಕಿಡಿ ಹಾರಿಯೇ ಹಾರುತ್ತದೆ, ಅದು ಗ್ಯಾಸ್ ಇರುವ ಜಾಗದಲ್ಲಿ ಹಾರಬಾರದು. ಈಗ ಟ್ರ್ಯಾಕ್ಟರ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಹತ್ತು ನಿಮಿಷ ಬಿಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಕೇಬಲ್ ಹಾಕಿದ ಕೂಡಲೇ ಸೆಲ್ಫ್ ಹೊಡೆಯುತ್ತಾರೆ. ಆ ಹತ್ತು ನಿಮಿಷದಲ್ಲಿ ಇಳಿದ ಬ್ಯಾಟರಿಯೂ ಒಂದಿಷ್ಟು ತುಂಬಿಕೊಂಡು ಹೆಗಲು ಕೊಡುತ್ತದೆ. ಆಮೇಲೆ ಮತ್ತೆ ಅದೇ ಲೆಕ್ಕ, ಹತ್ತು ಸೆಕೆಂಡ್ ಸೆಲ್ಫ್, ಎರಡು ನಿಮಿಷ ಬಿಡುವು. ಎದ್ದ ಮೇಲೆ ಕೇಬಲ್‌ಗಳನ್ನು ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ತೆಗೆಯಿರಿ.

ವಾಹನ ಹತ್ತಿರ ಬರಲಾಗದ ಕಡೆ, ಉದಾಹರಣೆಗೆ ಭಾಲ್ಕಿಯ ಹಳೇ ಪೇಟೆಯ ಓಣಿಯೊಳಗಿನ ಕ್ಲಿನಿಕ್‌ನಲ್ಲಿ, ಇನ್ವರ್ಟರ್‌ನ ಬ್ಯಾಟರಿ ಇದೆಯಲ್ಲ! ಇನ್ವರ್ಟರ್ ಆಫ್ ಮಾಡಿ, ಅದರ ತಂತಿಗಳನ್ನು ಬ್ಯಾಟರಿಯಿಂದ ಬಿಚ್ಚಿ, ಮೇಲೆ ಹೇಳಿದ ಕ್ರಮದಲ್ಲೇ ಜೋಡಿಸಿ. ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿ ನಿಧಾನವಾಗಿ ಕರೆಂಟ್ ಕೊಡಲು ತಯಾರಾದದ್ದು, ಒಮ್ಮೆಲೇ ದೊಡ್ಡ ಎಳೆತ ಅದರ ಕೆಲಸವಲ್ಲ. ಸಣ್ಣ ಎಂಜಿನ್‌ಗೆ ಅಪರೂಪಕ್ಕೊಮ್ಮೆ ನಡೆಯುತ್ತದೆ, ದೊಡ್ಡದಕ್ಕೆ ನೆಚ್ಚಿಕೊಳ್ಳಬೇಡಿ.

ಎದ್ದ ಮೇಲೆ

ತಕ್ಷಣ ಲೋಡ್ ಹಾಕಬೇಡಿ. ಎರಡು-ಮೂರು ನಿಮಿಷ ಬರಿದೇ ಓಡಲಿ. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 13.5ರಿಂದ 14.5 ವೋಲ್ಟ್ ತೋರಿಸಬೇಕು. 12ರಲ್ಲೇ ನಿಂತಿದ್ದರೆ ಡೈನಮೋ ಅಥವಾ ಅದರ ಬೆಲ್ಟ್ ಕೆಲಸ ಮಾಡುತ್ತಿಲ್ಲ, ನಾಳೆಯೂ ಇದೇ ಕಥೆ. ಒಂದೇ ಬ್ಯಾಟರಿಯಿಂದ ಎರಡು-ಮೂರು ಜನರೇಟರ್ ಎಬ್ಬಿಸುವ ರೂಢಿ ಕೆಲವರಲ್ಲಿದೆ. ಓಡುತ್ತಿರುವ ಎಂಜಿನ್‌ನಿಂದ ಬ್ಯಾಟರಿ ಕಿತ್ತರೆ ವೋಲ್ಟೇಜ್ ಜಿಗಿದು ಡೈನಮೋದ ಡಯೋಡ್, ಪ್ಯಾನೆಲ್ ಎರಡೂ ಹೋಗುತ್ತವೆ. ಬ್ಯಾಟರಿಯ ಬೆಲೆ ಉಳಿಸಲು ಹೋಗಿ ಪ್ಯಾನೆಲ್‌ನ ಬೆಲೆ ತೆರುವ ಕೆಲಸ ಅದು.

ಇಪ್ಪತ್ತು ನಿಮಿಷ ಓಡಿಸಿದರೆ ಬ್ಯಾಟರಿ ತುಂಬಿತು ಎಂಬ ನಂಬಿಕೆಯೂ ತಪ್ಪು. ಡೈನಮೋ 15 ಆಂಪಿಯರ್ ಕೊಟ್ಟರೆ ಅಷ್ಟು ಹೊತ್ತಿಗೆ ಸೇರುವುದು 5 ಆಂಪಿಯರ್-ಅವರ್. 80 ಆಂಪಿಯರ್-ಅವರ್ ಹಿಡಿಯುವ ಬ್ಯಾಟರಿಗೆ ಅದು ಯಾವ ಮೂಲೆಗೆ? ಕರೆಂಟ್ ಬಂದ ಮೇಲೆ ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡಲೇಬೇಕು.

ಜೀವಕ್ಕೆ ಸಂಬಂಧಿಸಿದ ಎರಡು ಮಾತು. ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಎರಡು ಕಡೆ ಪಿನ್ ಇರುವ ವೈರನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿ ಕಟ್ಟಡಕ್ಕೆ ಕರೆಂಟ್ ಕೊಡಬೇಡಿ. ನಿಮ್ಮ ಜನರೇಟರ್‌ನ ಕರೆಂಟ್ ಮೀಟರ್ ದಾಟಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಏರಿ ಹೈಟೆನ್ಷನ್ ಲೈನಿಗೆ ಹೋಗುತ್ತದೆ. ಅದೇ ಹೊತ್ತಿಗೆ ಜೆಸ್ಕಾಂ ಲೈನ್‌ಮನ್ ನಿಮ್ಮ ಊರಿನ ಕರೆಂಟ್ ಸರಿಪಡಿಸಲೆಂದೇ ಕಂಬದ ಮೇಲಿರುತ್ತಾನೆ. ಇನ್ನೊಂದು ಹೊಗೆ. ಅರ್ಧ ಶಟರ್ ಇಳಿಸಿದ ಅಂಗಡಿಯೊಳಗೆ, ಹಾಲ್‌ನ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಜನರೇಟರ್ ಓಡಿಸಿದರೆ ಬಣ್ಣ-ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ತಲೆನೋವು, ತಲೆಸುತ್ತು ಶುರುವಾದರೆ ಎಲ್ಲರನ್ನೂ ಬಯಲಿಗೆ ಕರೆತನ್ನಿ. ಇವೆರಡರ ಜತೆಗೆ, ಬ್ಯಾಟರಿಯ ಆಸಿಡ್ ಕಣ್ಣಿಗೆ ಸಿಡಿದರೆ ಉಜ್ಜದೆ ಶುದ್ಧ ನೀರಿನಿಂದ ಹದಿನೈದು-ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಬ್ಯಾಟರಿ ಇಳಿಯುವುದೇಕೆ?

ನಮ್ಮಲ್ಲಿ ಮದುವೆಗಳ ಓಡಾಟ ತುಳಸಿ ಲಗ್ನದ ನಂತರ ಶುರುವಾಗಿ ಬೇಸಿಗೆಯ ಕೊನೆಗೆ ನಿಲ್ಲುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಹಾಲ್‌ನ ಜನರೇಟರ್, ಶಾಮಿಯಾನದ ಜನರೇಟರ್ ಮೂಲೆ ಸೇರುತ್ತವೆ. ಯಂತ್ರ ಮಲಗಿದ್ದರೂ ಪ್ಯಾನೆಲ್ ಎಚ್ಚರವಾಗಿರುತ್ತದೆ. ಅದು ಬರೀ 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2, ತಿಂಗಳಿಗೆ 36 ಆಂಪಿಯರ್-ಅವರ್ ಹೋಯಿತು. 80ರ ಬ್ಯಾಟರಿ ಎರಡೂವರೆ ತಿಂಗಳೊಳಗೇ ಮುಗಿಯಿತು. ಹೀಗೆ ಖಾಲಿಯಾಗಿ ಕೂತ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬಾರದು. ಅದಕ್ಕೂ ಮುಂಚೆ 40 ಡಿಗ್ರಿ ದಾಟುವ ಬೇಸಿಗೆ ಅದರ ನೀರು ಹೀರಿ, ಆಯಸ್ಸು ಕುಗ್ಗಿಸಿರುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದಲ್ಲಿರುವ ಬೀದರಿನಲ್ಲಿ ಡಿಸೆಂಬರ್ ಬೆಳಗಿನ ಚಳಿ ಕಡಿಮೆಯದೇನಲ್ಲ. ಎಂಜಿನ್ ಆಯಿಲ್ ಮಂದವಾಗಿ ಸೆಲ್ಫ್ ಹೆಚ್ಚು ಕೇಳುತ್ತದೆ, ಬ್ಯಾಟರಿ ಕಡಿಮೆ ಕೊಡುತ್ತದೆ. ಕೊಂದದ್ದು ಬೇಸಿಗೆ, ಗೊತ್ತಾಗುವುದು ಚಳಿಗಾಲದಲ್ಲಿ.

ಆದ್ದರಿಂದ ಸೀಸನ್ ಮುಗಿದ ದಿನವೇ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮೈನಸ್ ತಂತಿ ಬಿಚ್ಚಿಡಿ. ತಿಂಗಳಿಗೊಮ್ಮೆ ಜೋಡಿಸಿ, ಅರ್ಧ ಗಂಟೆ ಲೋಡ್ ಹಾಕಿ ಓಡಿಸಿ, ಮತ್ತೆ ಚಾರ್ಜರ್‌ಗೆ ಹಾಕಿ. ಆಸ್ಪತ್ರೆ, ಲ್ಯಾಬ್‌ಗಳ ಆಟೊ ಜನರೇಟರ್‌ನ ತಂತಿ ಬಿಚ್ಚುವಂತಿಲ್ಲ. ಅವುಗಳಲ್ಲಿ ಕರೆಂಟ್‌ನಿಂದ ನಡೆಯುವ ಸಣ್ಣ ಚಾರ್ಜರ್ ಪ್ಯಾನೆಲ್ ಒಳಗೇ ಇರುತ್ತದೆ. ಅದರ ಫ್ಯೂಸ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಮೀಟರ್ ಹಿಡಿದು, ಯಂತ್ರ ನಿಂತಿದ್ದಾಗಲೂ 13 ವೋಲ್ಟ್‌ಗಿಂತ ಮೇಲಿದೆಯೇ ನೋಡಿದರೆ ಸಾಕು. ಹೊಲದಲ್ಲಿ ನಿಲ್ಲಿಸಿದ ಯಂತ್ರಕ್ಕೆ 20 ವಾಟ್‌ನ ಸೋಲಾರ್ ಪ್ಯಾನೆಲ್ ಮತ್ತು ಒಂದು ಚಾರ್ಜ್ ಕಂಟ್ರೋಲರ್ ಹಾಕಿದರೆ ಬಿಸಿಲಿನಲ್ಲಿ ಸುಮಾರು 1 ಆಂಪಿಯರ್ ಒಳಗೆ ಬರುತ್ತಿರುತ್ತದೆ. ಬಿಸಿಲಿಗೆ ಕೊರತೆಯಿಲ್ಲದ ಔರಾದ್‌ನಂಥ ಕಡೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುವುದಿಲ್ಲ.

ನೀರು ತುಂಬುವಾಗ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು, ಆರ್‌ಒ ನೀರು ಎರಡೂ ಬೇಡ. ಅವುಗಳ ಲವಣ ಪ್ಲೇಟನ್ನು ತಿನ್ನುತ್ತದೆ. ಪ್ಲೇಟ್ ಕಾಣಿಸುವಷ್ಟು ಇಳಿದಿದ್ದರೆ ಮುಳುಗುವಷ್ಟೇ ಹಾಕಿ ಚಾರ್ಜ್ ಮಾಡಿ, ಗುರುತಿನವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ಹೊಸ ಬ್ಯಾಟರಿ ಕೊಳ್ಳುವಾಗ ಅದರ ಮೇಲಿನ ತಯಾರಿಕೆಯ ತಿಂಗಳು ನೋಡಿ, ಅಂಗಡಿಯಲ್ಲೇ ವೋಲ್ಟ್ ಅಳೆಸಿ. ಹಳೆಯದನ್ನು ಗುಜರಿಯವರಿಗೆ ಒಡೆಯಲು ಕೊಡದೆ ಅದೇ ಅಂಗಡಿಗೆ ಹಿಂದಿರುಗಿಸಿ. ಬೆಲೆಯಲ್ಲಿ ರಿಯಾಯಿತಿ ಸಿಗುತ್ತದೆ, ಸೀಸ ಮತ್ತು ಆಸಿಡ್ ನಿಮ್ಮೂರಿನ ಮಣ್ಣಿಗೆ ಬೀಳುವುದು ತಪ್ಪುತ್ತದೆ.